ಮಾಯಾಶಾಲೆಯ ಹೆಡ್‌ಮಾಸ್ತರ

ಪುಣೆಯಲ್ಲಿ ಬಾಡಿಗೆ ಮನೆ ಬದಲಿಸಲು ಎಷ್ಟು ಖರ್ಚಾಗುತ್ತದೆ ಎಂಬುದು ಪ್ರಲ್ಹಾದನಿಗೆ ಬಾಯಿಪಾಠವಾಗಿತ್ತು. ಏಜೆಂಟನಿಗೆ ಒಂದು ತಿಂಗಳ ಬಾಡಿಗೆ, ಅಂದರೆ ಇಪ್ಪತ್ತೆರಡು ಸಾವಿರ. ಟೆಂಪೋ ಮತ್ತು ಹಮಾಲರಿಗೆ ಒಂಬತ್ತು. ಹನ್ನೊಂದು ತಿಂಗಳ ಕರಾರುಪತ್ರಕ್ಕೆ ಮೂರು. ಗೋಡೆಗೆ ಬಣ್ಣ ಹಚ್ಚಿಸಬೇಕೆಂದು ಹಳೆಯ ಮಾಲೀಕ ಡಿಪಾಜಿಟ್ಟಿನಲ್ಲಿ ಹಿಡಿದುಕೊಳ್ಳುವುದು ಹತ್ತು. ಒಟ್ಟು ನಲವತ್ನಾಲ್ಕು ಸಾವಿರ. ಅಷ್ಟು ಹಣ ಮಾರ್ಚಿನವರೆಗೆ ಅವನ ಬ್ಯಾಂಕಿನಲ್ಲಿತ್ತು. ಏಪ್ರಿಲ್‌ನಲ್ಲಿ ಅದರಿಂದ ಒಂದು ಕಾದಂಬರಿಯ ಮುನ್ನೂರು ಪ್ರತಿ ಅಚ್ಚು ಹಾಕಿಸಿದ. ಈಗ ಹಣದ ಬದಲು ಮಂಚದ ಕೆಳಗೆ ಇನ್ನೂರ ಎಂಬತ್ತು ಪುಸ್ತಕಗಳಿದ್ದವು.

ಕಾದಂಬರಿ ಮಕ್ಕಳದ್ದು. ಮಗಳು ಶರ್ವರಿ ಶಾಲೆಗೆ ಹೋಗಲಾರೆನೆಂದು ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದ ದಿನಗಳಲ್ಲಿ ಅವಳಿಗೆಂದೇ ಕಟ್ಟಿದ ಕತೆ. ಪುಟ್ಟಿ ಎಂಬ ಹುಡುಗಿಗೆ ಮಾಯಾವಿದ್ಯೆ ಕಲಿಸುವ ಶಾಲೆಯಿಂದ ಕರೆ ಬರುತ್ತದೆ. ಅವಳು ಒಲ್ಲೆ ಎನ್ನುತ್ತಾಳೆ. ಕೊನೆಗೆ ಗಾಳಿಯೇ ಅವಳನ್ನು ಒಂದು ಹಾರುವ ಮೊರದಲ್ಲಿ ಕೂರಿಸಿ ತಂದು ಶಾಲೆಯ ಬಾಗಿಲಲ್ಲಿ ಇಳಿಸುತ್ತದೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಶಾಲೆಗೊಬ್ಬ ಕ್ರೂರ ಹೆಡ್‌ಮಾಸ್ತರ ಬೇಕಾದ. ಪಿಂಪ್ರಿಯ ಗೇರ್ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಪ್ರಲ್ಹಾದನಿಗೆ ಕಲ್ಪನೆ ಸ್ವಲ್ಪ ಕಡಿಮೆ. ಕಿಟಕಿಯಿಂದ ಹೊರಗೆ ನೋಡಿದ. ಕೆಳಗೆ ಅಪಾರ್ಟ್‌ಮೆಂಟಿನ ಸೊಸೈಟಿಯ ಚೇರ್ಮನ್ ಸಬನೀಸರು ನಿಂತಿದ್ದರು.

ಖಡಕಿಯಲ್ಲಿ ಮೂವತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿ ನಿವೃತ್ತರಾದ ಸಬನೀಸರು ಪಾರ್ಕಿಂಗ್ ಸ್ಟಿಕರ್ ಇಲ್ಲದ ಸ್ಕೂಟರುಗಳ ಗಾಲಿಗೆ ಸರಪಳಿ ಸುತ್ತಿ ಬೀಗ ಜಡಿಯುತ್ತಿದ್ದರು. ನೀರಿನ ವಾಲ್ವ್ ಅವರ ಕೈಯಲ್ಲೇ ಇತ್ತು. ಬಣ್ಣ ಹಚ್ಚಿದ ಮೀಸೆ ಬೇಸಿಗೆಯಲ್ಲಿ ಬೆವರಿನ ಜೊತೆ ಇಳಿಯುತ್ತಿತ್ತು. ಪ್ರಲ್ಹಾದ ಅವರನ್ನು ಎತ್ತಿ ಹಾಗೆಯೇ ಕಾದಂಬರಿಯಲ್ಲಿ ಇಟ್ಟ. ಹೆಸರು ಮಾತ್ರ ಬದಲಾಯಿಸಿದ: ಬೀಗಾಸುರ. ಬೀಗಾಸುರ ಮಕ್ಕಳ ಹಾರುವ ಮೊರಗಳಿಗೆ ಸರಪಳಿ ಹಾಕುತ್ತಾನೆ, ಬಾಯಾರಿದ ಮಕ್ಕಳ ನೀರು ನಿಲ್ಲಿಸುತ್ತಾನೆ, ಕೊನೆಗೆ ಕಪ್ಪೆಯಾಗಿ ನೀರಿನ ಟ್ಯಾಂಕಿಗೆ ಬೀಳುತ್ತಾನೆ. ಮುಖಪುಟಕ್ಕೆ ಶರ್ವರಿಯೇ ಚಿತ್ರ ಬರೆದಳು. ದೊಡ್ಡ ಮೀಸೆ, ಸೊಂಟದಲ್ಲಿ ಬೀಗದ ಕೈ ಗೊಂಚಲು.

ಹೆದರುವ ಕಾರಣವಿರಲಿಲ್ಲ. ಪುಸ್ತಕ ಕನ್ನಡದ್ದು. ಪುಣೆಯಲ್ಲಿ ಕನ್ನಡವೆಂದರೆ ಪ್ರಲ್ಹಾದ ಮತ್ತು ಅವನ ಹೆಂಡತಿ ಗೋದಾಳ ಪಾಲಿಗೆ ಕೀಲಿ ಹಾಕಿದ ಕಪಾಟಿನಂತೆ. ಲಿಫ್ಟಿನಲ್ಲಿ ಎದುರಿಗೆ ನಿಂತವರ ಸೀರೆ, ಹೊಟ್ಟೆ, ಮಗನ ಮಾರ್ಕು, ಎಲ್ಲದರ ಬಗ್ಗೆಯೂ ಅವರು ನಗುಮುಖದಿಂದ ಕನ್ನಡದಲ್ಲಿ ಚರ್ಚಿಸುತ್ತಿದ್ದರು. ಎದುರಿನವರು ಪಾಪ, ತಾವೂ ನಗುತ್ತಿದ್ದರು.

ಅಂದು ಶನಿವಾರ. ಮನೆಯ ಕರಾರು ತಿಂಗಳ ಕೊನೆಗೆ ಮುಗಿಯುವುದಿತ್ತು. ಸೊಸೈಟಿಯ ಒಪ್ಪಿಗೆ ಪತ್ರ ತಂದರೆ ಮಾತ್ರ ಹೊಸ ಕರಾರು ಎಂದು ಮಾಲೀಕ ಹೇಳಿದ್ದ. ಆ ಪತ್ರಕ್ಕೆ ಸಬನೀಸರು ಸಂಜೆ ಆರರ ಸಭೆಯಲ್ಲಿ ಸಹಿ ಹಾಕಬೇಕಿತ್ತು. ಪ್ರಲ್ಹಾದ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಪಾತ್ರೆ ತಿಕ್ಕುವ ಬಸವಣ್ಣೆವ್ವ ಅಡಿಗೆಮನೆಯಿಂದ ಕೂಗಿದಳು.

"ಅಣ್ಣಾರ, ಆ ಪುಟ್ಟಿ ಮುಂದ ಏನಾಗ್ತಾಳ್ರಿ? ಹೆಡ್‌ಮಾಸ್ತರ ಆಕಿನ್ನ ಒಳಗ ಕರಕೋತಾರೋ ಇಲ್ಲೋ?"

ಪ್ರಲ್ಹಾದ ಚಹಾದ ಕಪ್ಪು ಕೆಳಗಿಟ್ಟ. "ನಿನಗ ಯಾರು ಹೇಳಿದ್ರು ಆ ಕತಿ?"

"ಗೇಟಿನ ಮಾಮಾ ಹೇಳ್ತಾನಲ್ರಿ, ದಿನಾ ಸಂಜಿಮುಂದ. ಪುಸ್ತಕ ನೋಡಿಕೋತ ಮರಾಠ್ಯಾಗ ಹೇಳ್ತಾನ. ಹುಡುಗ್ರು, ಮುದುಕ್ರು ಎಲ್ಲಾ ಕೂಡ್ತಾರ. ನಿನ್ನಿ ಚೇರ್ಮನ್ ಸಾಹೇಬ್ರೂ ಖುರ್ಚಿ ಹಾಕ್ಕೊಂಡು ಕುಂತಿದ್ರು."

ಗೇಟಿನ ಮಾಮಾ ಎಂದರೆ ಸೊಸೈಟಿಯ ವಾಚ್‌ಮನ್. ಪ್ರಲ್ಹಾದ ಗೋದಾಳ ಕಡೆ ನೋಡಿದ. ಅವನ ಮುಖ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಬೆಳ್ಳಗೆ, ಬಿಗಿಯಾಗಿತ್ತು.

"ಅವಂಗ ಪುಸ್ತಕ ಎಲ್ಲಿಂದ ಬಂತು, ಗೋದಾ?"

"ನೀವೇ ಕೊಟ್ಟೀರಲ್ರಿ! ಗೇಟಿನ್ಯಾಗ ಪುಸ್ತಕದ ಗಂಟು ಹರದಾಗ ಅಂವಾ ಆರಿಸಿ ಕೊಟ್ಟ. 'ಒಂದು ಇಟ್ಕೋ ಮಾಮಾ' ಅಂತ ಮರಾಠ್ಯಾಗ ಅಂದ್ರಿ. ಆಮ್ಯಾಲೆ ನನಗ ಕನ್ನಡದಾಗ, 'ಇವಂಗೇನು ಓದ್ಲಿಕ್ಕೆ ಬರ್ತದ, ಚಹಾದ ಗ್ಲಾಸ್ ಮುಚ್ಲಿಕ್ಕೆ ಆಗ್ತದ' ಅಂದ್ರಿ."

ಪ್ರಲ್ಹಾದ ಚಪ್ಪಲಿಯನ್ನು ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ ಹಾಕಿಕೊಂಡು ಕೆಳಗೆ ಓಡಿದ.

"ಮಾಮಾ, ಪುಸ್ತಕ ಕುಠೇ ಆಹೇ?"

ವಾಚ್‌ಮನ್ ಎದ್ದು ನಿಂತ. ಮರಾಠಿಯಲ್ಲಿ ಕೇಳಿದ್ದಕ್ಕೆ ಶುದ್ಧ ಕನ್ನಡದಲ್ಲಿ ಉತ್ತರ ಕೊಟ್ಟ. "ನನ್ ಕಡಿ ಇಲ್ರೀ ಸಾಹೇಬ್ರ. ಚೇರ್ಮನ್ ಸಾಹೇಬ್ರು ಒಯ್ದಾರ. ಹಿಂದಿನ ರಟ್ಟಿನ ಮ್ಯಾಲಿನ ಫೋಟೋ ನೋಡಿ, 'ಇಂವಾ ನಮ್ಮ ಪ್ರಲ್ಹಾದನೇ ಅಲ್ಲೇನು' ಅಂದ್ರು."

"ನೀವು... ಕನ್ನಡದವರಾ?"

"ಆಳಂದ ಕಡ್ಯಾಂವ್ರಿ. ಅಂಬಣ್ಣ ಅಂತಾರ. ಮೂರು ವರ್ಷದಾಗ ನೀವು ಕೇಳಿಲ್ಲ, ನಾ ಹೇಳಿಲ್ಲ."

ಮೂರು ವರ್ಷ! ಈ ಗೇಟಿನಲ್ಲಿ ನಿಂತು ತಾನೂ ಗೋದಾಳೂ ಯಾರ ಯಾರ ಬಗ್ಗೆ ಏನೇನು ಆಡಿದ್ದೆವು ಎಂಬುದೆಲ್ಲ ಪ್ರಲ್ಹಾದನ ಕಿವಿಯಲ್ಲಿ ಒಮ್ಮೆಲೇ ಮೊಳಗಿತು. ಸಬನೀಸರ ಹೆಂಡತಿಯ ನಡಿಗೆಗೆ ಗೋದಾ ಕೊಟ್ಟಿದ್ದ ಹೋಲಿಕೆಯೂ ನೆನಪಾಯಿತು.

ಅಂಬಣ್ಣ ಧ್ವನಿ ತಗ್ಗಿಸಿದ. "ಹೆದರಬ್ಯಾಡ್ರಿ ಸಾಹೇಬ್ರ. ನಾ ಏನು ಮಾಡೀನಿ ಅಂದ್ರ..."

ಅಷ್ಟರಲ್ಲಿ ಹೊರಗೆ ನೀರಿನ ಟ್ಯಾಂಕರ್ ಬಂದು ಕಿವಿ ಹರಿಯುವ ಹಾಗೆ ಹಾರ್ನ್ ಹಾಕಿತು. ಅಂಬಣ್ಣ ಗೇಟು ತೆಗೆಯಲು ಓಡಿದ. ಪ್ರಲ್ಹಾದನಿಗೆ ನಿಂತು ಕಾಯುವ ತಾಳ್ಮೆ ಇರಲಿಲ್ಲ. ಹೇಗಾದರೂ ಪುಸ್ತಕ ಮರಳಿ ತರಬೇಕೆಂದು ಮೆಟ್ಟಿಲ ಕಡೆ ತಿರುಗಿದಾಗ ಪಾರ್ಕಿಂಗಿನಲ್ಲಿ ತನ್ನ ಸ್ಕೂಟರ್ ಕಂಡಿತು. ಹಿಂದಿನ ಗಾಲಿಗೆ ಸರಪಳಿ, ಸರಪಳಿಗೆ ಬೀಗ.

'ಶುರುವಾಯಿತು' ಎಂದುಕೊಂಡ. ಸ್ಟಿಕರಿನ ವರ್ಷ ಮೊನ್ನೆಯೇ ಮುಗಿದಿದೆ ಎಂಬುದು ಹೊಳೆಯಲಿಲ್ಲ. ಮೇಲಿನಿಂದ ಗೋದಾಳ ಕೂಗು ಬಂತು: "ಏನ್ರೀ, ನಳದಾಗ ನೀರು ನಿಂತದ!" ಟ್ಯಾಂಕರ್ ಬಂದಾಗಲೆಲ್ಲ ಹತ್ತು ನಿಮಿಷ ವಾಲ್ವ್ ಮುಚ್ಚುವುದು ಇಡೀ ಕಟ್ಟಡಕ್ಕೆ ಗೊತ್ತಿದ್ದ ಪದ್ಧತಿ. ಹೆದರಿದವನಿಗೆ ಪದ್ಧತಿಯೂ ಸೇಡಿನಂತೆ ಕಾಣುತ್ತದೆ. ಪ್ರಲ್ಹಾದ ಎರಡನೆಯ ಮಹಡಿ ಹತ್ತಿ ಸಬನೀಸರ ಬಾಗಿಲ ಮುಂದೆ ನಿಂತ. ಬೆಲ್ ಒತ್ತಲು ಬೆರಳೆತ್ತಿದ. ಒಳಗೆ ಸಬನೀಸರು ಫೋನಿನಲ್ಲಿ ಮರಾಠಿಯಲ್ಲಿ ಗುಡುಗುತ್ತಿದ್ದರು.

"ಆ ಪ್ರಲ್ಹಾದನನ್ನ ಇವತ್ತು ಹಾಗೇ ಬಿಡೋದಿಲ್ಲ! ಎಲ್ಲರ ಮುಂದೇ ಆಗಬೇಕು. ಇಂಥಾ ಕೆಲಸ ಇಷ್ಟು ವರ್ಷದಲ್ಲಿ ಯಾವ ಬಾಡಿಗೆಯವನೂ ಮಾಡಿಲ್ಲ!"

ಬೆರಳು ಬೆಲ್ಲಿನಿಂದ ತಾನಾಗಿಯೇ ಹಿಂದೆ ಬಂತು. ಪ್ರಲ್ಹಾದ ಬೆಕ್ಕಿನ ಹಾಗೆ ಮೆಟ್ಟಿಲಿಳಿಯುತ್ತಿದ್ದಾಗ ಮೊದಲ ಮಹಡಿಯ ಮಧುಕರ್ ಎದುರಾದ. ಮೈಸೂರಿನ ಹುಡುಗ, ವಿಮಾನ ನಗರದಲ್ಲಿ ಕಂಪ್ಯೂಟರ್ ಕೆಲಸ, ಮೂವರು ಗೆಳೆಯರ ಜೊತೆ ಒಂದೇ ಮನೆಯಲ್ಲಿ ವಾಸ. ಕೇಳದಿದ್ದರೂ ಸಲಹೆ ಕೊಡುವವನು. ಇಲ್ಲಿ ಪ್ರಲ್ಹಾದನೇ ಕೇಳಿದ. ಎಲ್ಲವನ್ನೂ ಹೇಳಿಕೊಂಡ.

"ಪ್ಯಾನಿಕ್ ಆಗ್ಬೇಡಿ ಸಾರ್," ಎಂದ ಮಧುಕರ್. "ನಮ್ ಆಫೀಸಲ್ಲಿ ಏನಾದ್ರೂ ತಪ್ಪಾದ್ರೆ ಕ್ಲೈಂಟ್ ಕಂಡುಹಿಡಿಯೋಕೆ ಮುಂಚೆ ನಾವೇ ಹೇಳ್ಬಿಡ್ತೀವಿ. ಎಲ್ಲೆಲ್ಲಿ ತಪ್ಪು, ಯಾವ್ ಲೈನು, ಕಂಪ್ಲೀಟ್ ಲಿಸ್ಟ್. ಅವ್ರು ಬೈಯೋದು ಅರ್ಧ ಕಮ್ಮಿ ಆಗತ್ತೆ."

"ಒಪ್ಪಿಕೊಂಡು ಬಿಡ್ಲೇನು?"

"ಪೇಜ್ ನಂಬರ್ ಸಮೇತ ಸಾರ್. ಒಂದೂ ಬಿಡ್ಬೇಡಿ. ಅರ್ಧ ಹೇಳಿದ್ರೆ ಅವ್ರಿಗೆ ಡೌಟ್ ಬರತ್ತೆ."

ಪ್ರಲ್ಹಾದ ಮನೆಗೆ ಬಂದು ಮಧ್ಯಾಹ್ನವೆಲ್ಲ ತನ್ನದೇ ಕಾದಂಬರಿಯನ್ನು ಕೆಂಪು ಪೆನ್ನು ಹಿಡಿದು ಓದಿದ. ಬರೆಯುವಾಗ ಇಷ್ಟು ಬಾರಿ ಸಬನೀಸರನ್ನು ಬೈದಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ. ಹನ್ನೊಂದು ಕಡೆ ಗೆರೆ ಎಳೆದ.

"ಏನೂ ಹೇಳಬ್ಯಾಡ್ರಿ," ಎಂದಳು ಗೋದಾ. "ಸುಮ್ನ ಕೂತು ಸಹಿ ಮಾಡಿಸಿಕೊಂಡು ಬರ್ರಿ. ಈ ಶಾಲಿಗೆ ಹೊಂದಿಕೊಳ್ಳೋದಕ್ಕೇ ಶರ್ವರಿಗೆ ಎರಡು ವರ್ಷ ಬೇಕಾತು. ಮನಿ ಬದಲಿ ಆದ್ರ ಶಾಲಿನೂ ಬದಲಿ. ನನ್ನ ಕೈಲೆ ಆಗಂಗಿಲ್ಲ ನೋಡ್ರಿ."

"ಅವರಿಗೆ ಎಲ್ಲಾ ಗೊತ್ತಾಗೇದ, ಗೋದಾ. ಗಾಲಿಗೆ ಸರಪಳಿ ಬಿದ್ದದ."

ಆರು ಗಂಟೆಗೆ ಕೆಳಗಿನ ಸಭಾಂಗಣದಲ್ಲಿ ಸಭೆ. ಎಂದೂ ಆರು ಜನ ಸೇರದ ಸಭೆಗೆ ಅಂದು ನಲವತ್ತು ಜನ. ಮಕ್ಕಳು ಮುಂದೆ ಚಾಪೆಯ ಮೇಲೆ. ಅಂಬಣ್ಣ ಬಾಗಿಲಲ್ಲಿ. ಸಬನೀಸರ ಮುಂದಿನ ಮೇಜಿನ ಮೇಲೆ ಕಾದಂಬರಿ, ಅದರ ಪಕ್ಕದಲ್ಲಿ ಒಂದು ತೆಂಗಿನಕಾಯಿ.

ತೆಂಗಿನಕಾಯಿ ಕಂಡು ಪ್ರಲ್ಹಾದನ ಉಳಿದ ಧೈರ್ಯವೂ ಹೋಯಿತು. ಕಳೆದ ವರ್ಷ ಅವನ ಕಾರ್ಖಾನೆಯಲ್ಲಿ ನಾಲ್ವರನ್ನು ಕೆಲಸದಿಂದ ತೆಗೆದಾಗ ಒಬ್ಬೊಬ್ಬರ ಕೈಗೂ ಒಂದೊಂದು ತೆಂಗಿನಕಾಯಿ ಕೊಟ್ಟು, ಕೈಮುಗಿದು ಕಳಿಸಿದ್ದರು. ಈ ಊರಿನಲ್ಲಿ ಹೊರಗೆ ಹಾಕುವುದನ್ನೂ ಮರ್ಯಾದೆಯಿಂದ ಮಾಡುತ್ತಾರೆ.

ಸಬನೀಸರು ಎದ್ದು ಗಂಟಲು ಸರಿಮಾಡಿಕೊಂಡರು. "ಈ ಪುಸ್ತಕ ಬರೆದವರು ನಮ್ಮ ಸೊಸೈಟಿಯಲ್ಲೇ ಇದ್ದಾರೆ. ಇದರಲ್ಲಿ ಬರುವ ಹೆಡ್‌ಮಾಸ್ತರ ಯಾರು ಅನ್ನೋದು ಇಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಾಗಿದೆ..."

ಪ್ರಲ್ಹಾದ ಸ್ಪ್ರಿಂಗ್ ಹಾಕಿದವನಂತೆ ಎದ್ದ. "ಸಾಹೇಬ್, ಕ್ಷಮಿಸಿ! ನೀವೇ! ನಾನು ಒಪ್ಪಿಕೊಳ್ತೇನೆ!" ಎಂದ ಮರಾಠಿಯಲ್ಲಿ. ಜೇಬಿನಿಂದ ಪಟ್ಟಿ ತೆಗೆದ. "ಪುಟ ಹದಿನೇಳು, ಬಣ್ಣ ಇಳಿಯುವ ಮೀಸೆ. ಪುಟ ಮೂವತ್ತೊಂದು, ಮೊರಗಳಿಗೆ ಸರಪಳಿ. ನಲವತ್ತೇಳರಲ್ಲಿ ಮಕ್ಕಳು ಬಾಯಾರಿ ಅಳುವಾಗ ನೀರು ನಿಲ್ಲಿಸಿ ನಗುವುದು. ಅರವತ್ತರಲ್ಲಿ ಚಂದಾ ಹಣದಿಂದ ಚಕ್ಕುಲಿ ತಿನ್ನುವುದು. ಕೊನೆಯ ಪುಟದಲ್ಲಿ ಕಪ್ಪೆ. ಎಲ್ಲ ನೀವೇ ಸಾಹೇಬ್. ನನ್ನ ಬುದ್ಧಿಗೇಡಿತನ. ಮನೆ ಮಾತ್ರ ಬಿಡಿಸಬೇಡಿ!"

ಚಾಪೆಯ ಮೇಲಿನ ಮಕ್ಕಳು ಹಿಂದೆ ತಿರುಗಿ ಅವನನ್ನು ನೋಡಿದರು.

"ಕಪ್ಪೆ?" ಎಂದರು ಸಬನೀಸರು.

ಪ್ರಲ್ಹಾದ ತಲೆಯಾಡಿಸಿದ.

"ಅರೇ ಬಾಬಾ, ಸರಪಳಿ ಹಾಕಿದ್ದು ಬಿರುಗಾಳಿಯಲ್ಲಿ ಮಕ್ಕಳು ಮೊರದ ಜೊತೆ ಹಾರಿಹೋಗಬಾರದು ಅಂತ ಅಲ್ಲವೆ? ನೀರು ನಿಲ್ಲಿಸಿದ್ದು ಬೇಸಿಗೆಗೆ ಉಳಿಯಲಿ ಅಂತ. ಮೀಸೆಯ ಬಣ್ಣ ಇಳಿದದ್ದು ಆ ಪುಟ್ಟಿಯ ಕಷ್ಟ ನೋಡಿ ಹೆಡ್‌ಮಾಸ್ತರರು ಅತ್ತಿದ್ದಕ್ಕೆ. ನಿನ್ನೆ ಕೇಳಿ ನಾನೂ ಅತ್ತೆ. ನನ್ನ ಹೆಂಡತಿಯೂ ಅತ್ತಳು."

ನಲವತ್ತು ಮುಖಗಳು ಬಾಗಿಲ ಕಡೆ ತಿರುಗಿದವು. ಅಂಬಣ್ಣ ಗೇಟಿಗೆ ಯಾರೋ ಬಂದಿರುವಂತೆ ಹೊರಗೆ ನೋಡುತ್ತಿದ್ದ. ಹೊರಗೆ ಯಾರೂ ಇರಲಿಲ್ಲ.

"ಮಾಮಾ, ಇಕಡೇ ಯಾ," ಎಂದು ಸಬನೀಸರು ಕರೆದರು. ಪುಸ್ತಕವನ್ನು ಅವನ ಕೈಗಿಟ್ಟರು. "ನಲವತ್ತೇಳನೆಯ ಪುಟ. ಇದ್ದದ್ದನ್ನು ಇದ್ದ ಹಾಗೆ ಹೇಳು. ಒಂದು ಅಕ್ಷರ ಹೆಚ್ಚು ಕಡಿಮೆ ಆಗಬಾರದು."

ಅಂಬಣ್ಣ ಪ್ರಲ್ಹಾದನ ಮುಖ ನೋಡಿದ. ಮಾಡುವುದೇನಿತ್ತು? ಓದಿದ. ಒಂದೊಂದು ವಾಕ್ಯವನ್ನೂ ನಿಧಾನವಾಗಿ ಮರಾಠಿಗೆ ಇಳಿಸಿದ. ಬೀಗಾಸುರ ನಕ್ಕ ಕಡೆ ಅವನ ಧ್ವನಿ ಸಣ್ಣದಾಯಿತು. ಪುಟ ಮುಗಿದಾಗ ಚಾಪೆಯ ಮೇಲಿನ ಮಕ್ಕಳಲ್ಲಿ ಒಬ್ಬಳು ಜೋರಾಗಿ ಹೇಳಿದಳು, "ಮಾಮಾ ಹೇಳಿದ್ದೇ ಛಂದ ಇತ್ತು. ಇದು ಬೇಡ." ಉಳಿದವರೂ ಹೌದು ಹೌದು ಎಂದರು. ಅವರಲ್ಲಿ ಶರ್ವರಿಯೂ ಇದ್ದಳು.

ಸಬನೀಸರು ಮೇಜಿನ ಕೆಳಗಿನಿಂದ ಒಂದು ಚೀಲ ತೆಗೆದರು. ಅದರಲ್ಲಿ ಹೊಸ ಶಾಲು ಇತ್ತು, ಲೇಖಕನಿಗೆ ಹೊದಿಸಲು ತಂದದ್ದು. ಶಾಲಿನ ಮಡಿಕೆಯಲ್ಲಿ ಮನೆಯ ಒಪ್ಪಿಗೆ ಪತ್ರ, ಬೆಳಿಗ್ಗೆಯೇ ಸಹಿ ಹಾಕಿ ಮುದ್ರೆ ಒತ್ತಿದ್ದು. ಅವರು ಪತ್ರವನ್ನು ನಾಲ್ಕು ತುಂಡು ಮಾಡಿದರು. ಶಾಲನ್ನು ಮಡಿಸಿ ಹೆಂಡತಿಯ ಕೈಗೆ ಕೊಟ್ಟರು. ತೆಂಗಿನಕಾಯಿಯನ್ನು ಪ್ರಲ್ಹಾದನ ಕೈಗಿಟ್ಟು, "ಶುಭೇಚ್ಛಾ," ಎಂದು ಕೈಮುಗಿದರು.

ಜನರೆಲ್ಲ ಹೋದ ಮೇಲೆ ಅಂಬಣ್ಣ ಹತ್ತಿರ ಬಂದ. "ಬೆಳಿಗ್ಗಿನೇ ಹೇಳಾಕ ಬಂದಿದ್ದೆ ಸಾಹೇಬ್ರ, ಟ್ಯಾಂಕರ್ ಬಂತು. ಬರದಂಗ ಓದಿದ್ರ ನಿಮ್ಮ ಮನಿ, ನನ್ನ ನೌಕರಿ, ಎರಡೂ ಹೋಗ್ತಿದ್ದುವಲ್ರಿ. ಅದಕ್ಕ ಮೊದಲನೇ ದಿನದಿಂದ ತಿದ್ದಿ ತಿದ್ದಿ ಹೇಳೀನಿ. ನನ್ನಂಥಾಂವಂಗ ಇಷ್ಟು ತಿಳೀತು, ನೀವು ಶಾಣ್ಯಾ ಮಂದಿ, ಪಟ್ಟಿ ಬರಕೊಂಡು ಬಂದ್ರಿ!"

ಅಷ್ಟರಲ್ಲಿ ಮಧುಕರ್ ಮೆಲ್ಲಗೆ ಹೆಗಲು ಮುಟ್ಟಿದ.

"ಸಾರ್, ಬೇಜಾರ್ ಮಾಡ್ಕೋಬೇಡಿ. ನಮ್ಮಮ್ಮ ಕಾಮಾಕ್ಷಮ್ಮ ಅಂತ, ಊರಿಂದ ಬರ್ತಿದಾರೆ. ಫ್ರೆಂಡ್ಸ್ ಜೊತೆ ಇರೋಕಾಗಲ್ಲ. ನಿಮ್ ಓನರ್ ನಂಬರ್ ಸ್ವಲ್ಪ ಕೊಡ್ತೀರಾ? ಏಜೆಂಟ್ ದುಡ್ಡು ಉಳಿಯತ್ತೆ."

ಪ್ರಲ್ಹಾದ ನಂಬರ್ ಕೊಟ್ಟ.

ತಿಂಗಳ ಕೊನೆಗೆ ಅವರು ಪಿಂಪ್ರಿಯಾಚೆ, ಲಿಫ್ಟಿಲ್ಲದ ನಾಲ್ಕನೆಯ ಮಹಡಿಗೆ ಹೋದರು. ಟೆಂಪೋ ಬಾಡಿಗೆಗೆ ಗೋದಾ ತನ್ನ ತವರಿನಿಂದ ಹಣ ತರಿಸಿದಳು. ಸಬನೀಸರ ಹೆಂಡತಿ ಗಂಡನಿಗೆ ಎದುರು ನಿಂತದ್ದರಿಂದ ಅಂಬಣ್ಣನ ನೌಕರಿ ಉಳಿಯಿತು. ಮಧುಕರನಿಗೆ ಮನೆ ಸಿಕ್ಕಿತು. ಪ್ರಲ್ಹಾದನ ಮನೆ ಹೋಯಿತು.