ಅತ್ತೆಯ ಟಾರ್ಪಾಲು ಸೋರಿದ್ದು

ನಮ್ಮ ಸೋದರತ್ತೆ ಮನುಷ್ಯರನ್ನು ನಂಬುತ್ತಿರಲಿಲ್ಲ, ದೇವರನ್ನು ಅರ್ಧ ನಂಬುತ್ತಿದ್ದಳು, ಟಾರ್ಪಾಲನ್ನು ಮಾತ್ರ ಪೂರ್ತಿ ನಂಬುತ್ತಿದ್ದಳು! ಸುಳ್ಳು ಅನ್ನಿಸಿದರೆ ಮಿಡಿಗೇಶಿ ಕಡೆಯ ಹಳಬರನ್ನು ಕೇಳಿ. ಅವಳ ಟಾರ್ಪಾಲನ್ನು ಎರವಲು ತಂದು, ಒದ್ದೆಯಾಗಿಯೇ ಮಡಿಸಿ ಹಿಂದಿರುಗಿಸಿ, ಬೈಸಿಕೊಳ್ಳದ ಮನೆ ನಮ್ಮೂರಲ್ಲಿ ಇರಲಿಲ್ಲ.

ಅದು ಲಾರಿಗೆ ಹೊದಿಸುವ, ಮೇಣ ಹಾಕಿದ ದಪ್ಪ ನೂಲಿನ ಟಾರ್ಪಾಲು. ಬಣ್ಣ ಎಮ್ಮೆಯದು, ಭಾರವೂ ಹೆಚ್ಚುಕಡಿಮೆ ಎಮ್ಮೆಯದೇ. ಮಡಿಸಿಟ್ಟರೆ ನಡುಮನೆಯ ಅರ್ಧ ಅದಕ್ಕೇ ಬೇಕು. ನೆಂಟರು ಬಂದರೆ ನಾವು ಜಗುಲಿಯಲ್ಲಿ ಮಲಗಬೇಕು, ಅದು ಒಳಗೆ!

ಅದು ನಮ್ಮ ಮನೆಗೆ ಬಂದ ಕಥೆ ಮಾತ್ರ ನಗುವಂಥದ್ದಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅತ್ತೆಯ ಗಂಡ ಲಾರಿ ಡ್ರೈವರು. ಪಾವಗಡದಿಂದ ಕಡಲೆಕಾಯಿ ಮೂಟೆ ಹೇರಿಕೊಂಡು ಬರುವಾಗ ಮಳೆ ಹಿಡಿಯಿತು. ಮಾವ ಮೂಟೆಗಳ ಮೇಲೆ ಹತ್ತಿ ಟಾರ್ಪಾಲು ಎಳೆದು ಕಟ್ಟಿದ. ಕೊನೆಯ ಹಗ್ಗ ಬಿಗಿಯುವಾಗ ಕಾಲು ಜಾರಿತು. ಒಂದು ಕಾಯಿಯೂ ನೆನೆಯಲಿಲ್ಲ, ಮಾವ ಮಾತ್ರ ಉಳಿಯಲಿಲ್ಲ. ಇನ್ನು ಇದನ್ನು ಕಣ್ಣಿಂದ ನೋಡಲಾರೆ ಎಂದು ಲಾರಿ ಮಾಲೀಕ ಅದನ್ನು ಅತ್ತೆಯ ಬಾಗಿಲಲ್ಲಿ ಇಳಿಸಿ ಹೋದ. ಅತ್ತೆ ಅದನ್ನು ಗಾಡಿಗೆ ಹಾಕಿಸಿಕೊಂಡು ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಆಗ ನನಗೆ ಎರಡು ವರ್ಷ. ಅಮ್ಮನಿಗೆ ಹೊಲದ ಕೆಲಸ. ನನ್ನನ್ನೂ ಟಾರ್ಪಾಲನ್ನೂ ಸಾಕಿದವಳು ಅತ್ತೆಯೇ. ಯಾರನ್ನು ಹೆಚ್ಚು ಮುದ್ದು ಮಾಡಿದಳು ಎಂದು ಮಾತ್ರ ಕೇಳಬೇಡಿ, ನನಗೆ ಬೇಜಾರಾಗುತ್ತದೆ.

ತಲೆ ಬಾಚುವಾಗಲೂ ಅದೇ ಪುರಾಣ. "ಹಡಗಿನೋರು ಹಾಯಿ ಬಟ್ಟೆಗೆ ಡಾಂಬರು ಬಳ್ದು ಹೊದ್ಕಂತಿದ್ರಂತೆ. ನಿಮ್ಮಾವ ಹೇಳಿದ್ದು. ಸಮುದ್ರಾನೇ ತಡ್ದಿರೋ ಜಾತಿ ಕಣೇ ಇದು!" ಪಾಪ, ಅವಳು ಕಂಡ ಸಮುದ್ರವೆಂದರೆ ಮದಲೂರು ಕೆರೆ. ಅದೂ ಬತ್ತಿದಾಗ!

ಅವಳದೊಂದು ಶಾಸನವಿತ್ತು. "ನೆಂದ್ರೆ ನೂಲು ಉಬ್ತೈತೆ, ಸಂದು ಮುಚ್ಕಂತೈತೆ. ಆದ್ರೆ ಮಳೆ ಬೀಳುವಾಗ ಒಳಗಿಂದ ಬೆರಳು ತಾಗಿಸ್ಬ್ಯಾಡ್ರಿ. ತಾಗಿಸಿದ ಜಾಗದಾಗೇ ಸೋರ್ತೈತೆ!" ಒಮ್ಮೆ ಕಣದಲ್ಲಿ ಮಳೆಗೆ ಸಿಕ್ಕಿ ಅದರಡಿ ನಿಂತಿದ್ದ ನಮ್ಮ ಶಾಲೆಯ ಮೇಷ್ಟ್ರು, "ಬೆರಳಿಗೂ ಸೋರೋದಕ್ಕೂ ಏನಮ್ಮ ಸಂಬಂಧ?" ಎಂದು ನಕ್ಕು, ಬೆರಳು ಎತ್ತಿ ಒತ್ತಿಯೇಬಿಟ್ಟರು. ನೀರು ಬೆರಳಿಂದ ಮೊಣಕೈಗೆ, ಅಲ್ಲಿಂದ ಕಂಕುಳಿಗೆ ಇಳಿಯಿತು. "ಯಾಕ್ ಮೇಷ್ಟ್ರೇ, ಬುಕ್ಕಿನಾಗೆ ಬರ್ದಿಲ್ವಾ?" ಅಂದಳು ಅತ್ತೆ.

ಕಣದ ರಾಗಿಗೆ, ಕಡಲೆಕಾಯಿ ರಾಶಿಗೆ, ಐ.ಡಿ.ಹಳ್ಳಿಯ ನಾಟಕದವರ ಚಪ್ಪರಕ್ಕೆ, ಸೋರುವ ಮಾಡಿಗೆ, ಎಲ್ಲಕ್ಕೂ ಆ ಟಾರ್ಪಾಲು ಬೇಕು. ಮದುವೆ ಚಪ್ಪರಕ್ಕೆ ಮಾತ್ರ ಬೇಡ. "ಗಂಡನ್ನ ತಿಂದ ಬಟ್ಟೆ" ಅನ್ನುವರು. ಮೋಡ ಕವಿದರೆ ಅವರೇ ಓಡಿಬಂದು "ಅಕ್ಕಾ, ಕೊಡಕ್ಕಾ" ಅನ್ನುವರು! ಅತ್ತೆಗೂ ಅದೇ ಕಟ್ಟಳೆ. ಮದುವೆ ಮನೆಯ ಹಿತ್ತಲಲ್ಲಿ ಕೂತು ತರಕಾರಿ ಹೆಚ್ಚಬಹುದು, ಗಂಡ ಸತ್ತವಳು ಧಾರೆಯ ಚಪ್ಪರದೊಳಗೆ ಬಂದು ಅಕ್ಷತೆ ಹಾಕುವಂತಿಲ್ಲ. ಅವಳಿಗಿದ್ದ ಆಸೆ ಒಂದೇ. "ನಿನ್ ಮದುವೆಗೆ ನಾನು ಬರಕ್ಕಾಗಲ್ಲ, ಹೋಗ್ಲಿ ಬುಡು. ಇದಾದ್ರೂ ನಿನ್ ತಲೆ ಮ್ಯಾಗಿರ್ಲಿ" ಎಂದು ಜಡೆ ಹೆಣೆಯುತ್ತಾ ಎಷ್ಟು ಸಲ ಹೇಳಿದ್ದಳೋ!

ನನಗೆ ಗೊತ್ತಾಗಿದ್ದ ಗಂಡು ಶಿರಾದವರು. ಚಪ್ಪರಕ್ಕೆ ತನ್ನ ಟಾರ್ಪಾಲು ಕಟ್ಟಿ ಎಂದು ಅತ್ತೆ ಕೇಳಿದಾಗ ಅಪ್ಪ ತಂಗಿಯ ಮುಖ ನೋಡದೆ ಅಂದರು, "ಬ್ಯಾಡ ಕಣಮ್ಮ, ಬೀಗ್ರು ಏನಾದ್ರೂ ಅಂದ್ಬುಟ್ಟಾರು." ಅತ್ತೆ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಎಲ್ಲಿ ಮದುವೆ ಮುರಿಯುತ್ತದೋ ಎಂಬ ಭಯ ನನಗೆ.

ಆ ವರ್ಷಗಳಲ್ಲಿ ಹೊಸದಾಗಿ ನೀಲಿ ಪ್ಲಾಸ್ಟಿಕ್ಕು ಬಂದಿತ್ತಲ್ಲ, ಅದನ್ನೇ ಅಪ್ಪ ಮಧುಗಿರಿಯಿಂದ ತಂದು ಕಟ್ಟಿಸಿದರು. ಅತ್ತೆ ಕೆಳಗೆ ನಿಂತು ನೋಡಿ, "ಇದೇನು ಟಾರ್ಪಾಲೇನೇ? ಬಕೆಟ್ಟು ತಟ್ಟಿ ಅಗಲ ಮಾಡ್ದಂಗೈತೆ!" ಎಂದು ಹಿತ್ತಲಿಗೆ ಹೋದಳು.

ಧಾರೆಯ ಹೊತ್ತಿಗೆ ಸರಿಯಾಗಿ ಗಾಳಿಮಳೆ! ನೀಲಿ ಪ್ಲಾಸ್ಟಿಕ್ಕು ಪರ್ ಎಂದು ಹರಿದು ಪಕ್ಕದ ಬೇವಿನ ಮರಕ್ಕೆ ಸಿಕ್ಕಿಕೊಂಡಿತು. ಪುರೋಹಿತರು ಪಂಚಾಂಗ ತಲೆ ಮೇಲಿಟ್ಟುಕೊಂಡರು. ನಮ್ಮ ಬೀಗರೇ ಕೂಗಿದರು, "ಮುಹೂರ್ತ ಮೀರ್ತೈತೆ! ಯಾರ ತಾವಾದ್ರೂ ಟಾರ್ಪಾಲ್ ಐತೇನ್ರೀ?"

ಯಾರ ಹತ್ತಿರ ಇದೆ ಎಂದು ಊರಿಗೆಲ್ಲ ಗೊತ್ತಿತ್ತು. ಆರು ಜನ ಹೊತ್ತು ತಂದರು. ಹಿಂದೆಯೇ ಅತ್ತೆ, ಸೆರಗು ಬಿಗಿದು, "ಒಳಗಿಂದ ಮುಟ್ಟಬ್ಯಾಡ್ರೋ!" ಎಂದು ಅರಚುತ್ತಾ ಬಂದಳು. ಅವಸರಕ್ಕೆ ತಗ್ಗಾಗಿ, ತಲೆಗೆ ತಾಗುವಷ್ಟರಲ್ಲಿ ಕಟ್ಟಿದರು. ನನ್ನ ಹಿಂದಿನ ಕಂಬ ಗಾಳಿಗೆ ಬಿದ್ದುಹೋಗಿತ್ತು. ಆ ಮೂಲೆಯ ಹಗ್ಗವನ್ನು ಅತ್ತೆಯೇ ಹಿಡಿದು ನಿಂತಳು. ಆಚೆ ಹೋಗು ಎನ್ನಲು ಯಾರಿಗೆ ಧೈರ್ಯ? ಅವಳು ಕೈಬಿಟ್ಟರೆ ಮಳೆ ಧಾರೆಯ ಮೇಲೇ!

ವಾಲಗ ಜೋರಾಯಿತು. ಎಲ್ಲರೂ ಅಕ್ಷತೆ ಹಾಕಿದರು. ಆಗಲೇ ನನ್ನ ನೆತ್ತಿಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಮತ್ತೊಂದು, ಇನ್ನೊಂದು.

ಮರುದಿನ ಹೊರಡುವಾಗ ರೇಗಿಸಿದೆ. "ಅತ್ತೇ, ಸಮುದ್ರ ತಡೆದಿದ್ದು ಸೋರಿಬಿಡ್ತಲ್ಲ! ಅದೂ ನನ್ನ ತಲೆ ಮೇಲೇ!" ಇಂಥ ಮಾತಿಗೆ ಊರನ್ನೇ ಜಾಲಾಡುತ್ತಿದ್ದವಳು ನನ್ನ ತಲೆ ಸವರಿ, "ಹೂಂ ಕಣೇ, ಸೋರ್ತು" ಎಂದಳು, ಅಷ್ಟೇ.

ಮುಂದಿನ ವರ್ಷ ಅತ್ತೆ ತೀರಿಕೊಂಡಳು. ತಿಥಿಯ ದಿನ ಅಮ್ಮ ಟಾರ್ಪಾಲು ಬಿಸಿಲಿಗೆ ಹರಡುತ್ತಾ ಅಂದಳು, "ಅವತ್ತು ಅದು ಸೋರ್ಲಿಲ್ಲ ಕಣೇ. ನಾನು ಎದುರಿಗೇ ಇದ್ದೆ. ಎಲ್ಲಾರೂ ಅಕ್ಷತೆ ಹಾಕುವಾಗ ನಿಮ್ಮತ್ತೆ ಮೆಲ್ಲಗೆ ಕೈ ಎತ್ತಿ, ನಿನ್ ತಲೆ ಮ್ಯಾಲೆ ಸರಿಯಾಗಿ ಬೆರಳು ತಾಗ್ಸಿದ್ಲು."

ಆ ಒಂದು ವರ್ಷ ಪೂರ್ತಿ, ಅತ್ತೆಯ ಟಾರ್ಪಾಲು ಸೋರಿದ ಕಥೆ ಹೇಳಿ ಹೇಳಿ ನಾನು ಗಂಡನ ಮನೆಯವರನ್ನೆಲ್ಲ ನಗಿಸಿದ್ದೆ.