ಸೌನಾದ ಮುದುಕ ಮತ್ತು ನನ್ನ ಮೂರೆಳೆ ತಂತಿ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯಲ್ಲಿ ಸೌನಾದ ಮುದುಕನಿಗಿರುವ ಮರ್ಯಾದೆ ನನಗಿಲ್ಲ. ಆ ಮುದುಕನನ್ನು ಯಾರೂ ಕಣ್ಣಾರೆ ಕಂಡಿಲ್ಲ. ಅವನು ಕರೆಂಟ್ ಬಿಲ್ ಕಟ್ಟುವುದಿಲ್ಲ, ಚಳಿಗಾಲದಲ್ಲಿ ಅಂಗಳದ ಹಿಮ ಗೋರುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ. ಇವೆಲ್ಲವನ್ನೂ ಮಾಡುವ ತೈಸ್ತೊ ಎಂಬ ನಾನು ಕಣ್ಣೆದುರಿಗೇ ಇದ್ದೇನೆ. ಆದರೂ ನನ್ನ ಹೆಂಡತಿ ಐಲಿ ಸೌನಾದೊಳಗೆ ಕಾಲಿಡುವಾಗ ಅವನಿಗೆ ನಮಸ್ಕಾರ ಹೇಳುತ್ತಾಳೆ. ನನಗೆ "ಚಪ್ಪಲಿ ಹೊರಗೆ ಬಿಡ್ರೀ" ಎನ್ನುತ್ತಾಳೆ.

ನಮ್ಮದು ಕುಓಪಿಯೊ ಊರಿನಾಚೆ ಸರೋವರದ ದಂಡೆಯ ಮನೆ. ನಮ್ಮದು ಎಂದರೆ ಐಲಿಯ ತವರಿನದು. ನಾನು ಮನೆ ಅಳಿಯ. ಮನೆಯಿಂದ ನೀರಿನ ಕಡೆಗೆ ಇಳಿದರೆ ಸೌನಾ ಇದೆ. ಮೈ ಬೆವರಿಸುವ ಆವಿಸ್ನಾನಕ್ಕೆ ಮರದ ದಿಮ್ಮಿಯ ಪುಟ್ಟ ಬಿಸಿಕೋಣೆ, ಅದರ ಮುಂದೆ ಬಟ್ಟೆ ಬದಲಿಸುವ ಕೋಣೆ. ಬಿಸಿಕೋಣೆಗಿರುವ ಒಂದೇ ಕಿಟಕಿ ಸರೋವರದ ಕಡೆಗೆ ತೆರೆಯುತ್ತದೆ. ಮನೆಯ ಕಡೆಗಿರುವುದು ಬರೀ ಹೊರಬಾಗಿಲು, ಅದರ ಮೇಲೊಂದು ಕೆಂಪು ದೀಪ. ಒಳಗೆ ಒಲೆ ಕಾಯುತ್ತಿದ್ದರೆ ಆ ದೀಪ ಉರಿಯಬೇಕು ಎಂಬುದು ನನ್ನ ಏರ್ಪಾಡು.

ಮಾವನವರ ಕಾಲದ ಕಟ್ಟಿಗೆ ಒಲೆ ತುಕ್ಕು ಹಿಡಿದು ತೂತಾದಾಗ ನಾನು ಕರೆಂಟಿನ ಒಲೆ ತಂದೆ. ಅದರ ಜೊತೆಗೆ ಅಂಗಡಿಯವರು ಕೊಟ್ಟ ನಿಯಂತ್ರಣದ ಪೆಟ್ಟಿಗೆಗೆ ಮೊಳೆಯೂ ಇಲ್ಲ, ಬಾಯಿಯೂ ಇಲ್ಲ. ಬಿಚ್ಚಿ ನೋಡುವಂತೆಯೇ ಇಲ್ಲ. ಒಳಗೇನಿದೆ ಎಂದು ತೋರಿಸದ ವಸ್ತುವನ್ನು ನಾನು ಮನೆಗೆ ಸೇರಿಸುವವನಲ್ಲ. (ಐಲಿಯ ಅಣ್ಣ ಒಸ್ಸಿ ಮಾತ್ರ ಇದಕ್ಕೆ ಹೊರತು. ಅವನು ಹೇಳದೆಯೇ ಬರುತ್ತಾನೆ.) ಹಾಗಾಗಿ ನಾನೇ ಒಂದು ಅಂಗೈಯಗಲದ ಬೋರ್ಡ್ ಮಾಡಿದೆ. ಅದರ ನಡುವೆ ಉಗುರಿನಷ್ಟು ಚಿಪ್. ನಕ್ಷೆ, ಪ್ರೋಗ್ರಾಂ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಇಟ್ಟೆ. ಲೋಕದಲ್ಲಿ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಮಾಡಿಕೊಳ್ಳಬಹುದು. ಚಿಪ್ಪಿನೊಳಕ್ಕೆ ಬುದ್ಧಿ ತುಂಬುವುದಕ್ಕೆ ನನ್ನ ಬಳಿ ಒಂದು ಪ್ರೋಬ್ ಇದೆ. ಅದೂ ಹೀಗೆಯೇ ಯಾರೋ ಪುಣ್ಯಾತ್ಮರು ಬರೆದಿಟ್ಟ ನಕ್ಷೆ ನೋಡಿ ನಾನೇ ಬೆಸುಗೆ ಹಾಕಿದ್ದು. ಅದರ ಮೂರೆಳೆ ತಂತಿಯನ್ನು ಬೋರ್ಡಿಗೆ ಚುಚ್ಚಿದರೆ ಚಿಪ್ ಯೋಚಿಸುತ್ತಿರುವಾಗಲೇ ಅದನ್ನು ತಡೆದು ನಿಲ್ಲಿಸಿ, "ಈಗ ನಿನ್ನ ತಲೆಯಲ್ಲಿ ಏನಿದೆ ಹೇಳು" ಎಂದು ಕೇಳಬಹುದು. (ಇಂಥದ್ದು ಹೆಂಡತಿಯ ತಲೆಗೂ ಇದ್ದಿದ್ದರೆ ಎಂದು ಒಮ್ಮೆ ಬಾಯಿತಪ್ಪಿ ಅಂದೆ. ಆ ವಾರವೆಲ್ಲ ಕಾಫಿ ನಾನೇ ಕಾಸಿಕೊಂಡೆ.)

ಗೋಳು ಶುರುವಾದದ್ದು ಮೇ ತಿಂಗಳಲ್ಲಿ. ನಮ್ಮಲ್ಲಿ ಎಲ್ಲರ ಸ್ನಾನವೂ ಮುಗಿದ ಮೇಲೆ ಕಾದ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹಾಕಿ, ಬಾಗಿಲೆಳೆದುಕೊಂಡು ಬರುವ ಪದ್ಧತಿ. ಆ ಕೊನೆಯ ಆವಿ ಸೌನಾ ಕಾಯುವ ಮುದುಕನದು. ಕರೆಂಟಿನ ದರ ನೋಡಿ ಹೊಟ್ಟೆ ಉರಿದುಕೊಂಡಿದ್ದ ನಾನು, ಕೊನೆಯವರು ಹೊರಬಿದ್ದ ಕ್ಷಣವೇ ಒಲೆ ಆರಿ, ಫ್ಯಾನ್ ತಿರುಗಿ, ಆವಿಯೆಲ್ಲ ಹೊರಗೆ ಹೋಗುವಂತೆ ಪ್ರೋಗ್ರಾಂ ಬರೆದಿದ್ದೆ.

ಒಂದು ಸಂಜೆ ಊಟವಾದ ಮೇಲೆ ಪಾತ್ರೆ ತೊಳೆಯುತ್ತಾ ಕಿಟಕಿಯಾಚೆ ನೋಡಿದೆ. ಸೌನಾದ ಕೆಂಪು ದೀಪ ಉರಿಯುತ್ತಿತ್ತು.

"ಐಲಿ, ಸೌನಾಕ್ಕೆ ಹೋಗ್ತಿದ್ದೀಯಾ?"

"ನಾನಿಲ್ಲೇ ಸೋಫಾ ಮೇಲಿದ್ದೀನಲ್ರೀ. ಕಣ್ಣು ಕಾಣಲ್ವಾ?"

ಇಳಿದು ಹೋದೆ. ನಮ್ಮಲ್ಲಿ ಬೇಸಿಗೆಯ ಸಂಜೆಗೆ ಮುಗಿಯುವ ಅಭ್ಯಾಸವಿಲ್ಲ. ಕತ್ತಲಿದ್ದರೆ ಹೆದರುವುದಕ್ಕೆ ಒಂದು ನೆಪವಾದರೂ ಇರುತ್ತದೆ. ಹಗಲಿನಂಥ ಆ ಬಿಳಿ ಬೆಳಕಿನಲ್ಲಿ ಮೈ ಜುಮ್ಮೆನ್ನುವುದು ಇನ್ನೂ ಕೆಟ್ಟದ್ದು. ಸರೋವರದಲ್ಲಿ ಒಂದು ಅಲೆಯಿಲ್ಲ, ಹಕ್ಕಿಯ ಸದ್ದಿಲ್ಲ. ಬಾಗಿಲು ತೆರೆದರೆ ಒಳಗೆ ಹದವಾದ ಬಿಸಿ. ಕಲ್ಲುಗಳು ಟಿಕ್ ಟಿಕ್ ಎನ್ನುತ್ತಿದ್ದವು. ಕೆಳಗಿನ ಹಲಗೆಯ ಮೂಲೆಯಲ್ಲಿ, ಒಲೆಯ ಪಕ್ಕಕ್ಕೆ, ಒಂದು ಒದ್ದೆ ಗುರುತು. ಯಾರೋ ಈಗಷ್ಟೇ ಎದ್ದು ಹೋದ ಹಾಗಿತ್ತು.

ಒಲೆ ಆರಿಸಿ ಮನೆಗೆ ಬಂದೆ. ಹತ್ತುವಾಗ ಓಡಲಿಲ್ಲ. ಬೇಗ ನಡೆದೆ.

"ಕೊನೇ ಆವಿ ಬಿಟ್ಟಿದ್ರಾ ಅವನಿಗೆ?" ಐಲಿ ಕೇಳಿದಳು.

"ಇದು ಪ್ರೋಗ್ರಾಂ ದೋಷ ಕಣೆ. ನಾಳೆ ಪ್ರೋಬ್ ಹಾಕಿ ಹಿಡೀತೀನಿ."

"ಹಿಡೀರಿ. ಅವನು ನಿಮ್ಮನ್ನ ಹಿಡಿಯೋದ್ರೊಳಗೆ."

ಮರುದಿನ ಸಂಜೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೋರ್ಡಿಗೆ ಹತ್ತಿರವೆಂದು ಅದೇ ಕೆಳಗಿನ ಹಲಗೆಯ ಮೂಲೆಯಲ್ಲಿ ಕೂತು ತಂತಿ ಚುಚ್ಚಿದೆ. ಕಾದೆ. ಏನೂ ಆಗಲಿಲ್ಲ. ಚಿಪ್ ಸಂಭಾವಿತನಂತೆ ಕೂತಿತ್ತು. ತಂತಿ ಕಿತ್ತು ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಕೆಂಪು ದೀಪ ಉರಿಯಿತು. ಓಡಿಹೋಗಿ ತಂತಿ ಚುಚ್ಚಿದರೆ ಮತ್ತೆ ನಿಶ್ಶಬ್ದ. ಇದು ಪ್ರತಿ ಸಂಜೆಯ ಆಟವಾಯಿತು. ನಾನು ತಂತಿ ಹಿಡಿದು ಕೂತಿರುವಷ್ಟು ಹೊತ್ತು ಬರುವುದಿಲ್ಲ. ಎದ್ದು ಹೋದರೆ ಬರುತ್ತದೆ. ಹೊಸ ಪ್ರೋಗ್ರಾಂ ಬರೆದೆ, ಅಳಿಸಿದೆ, ಮತ್ತೆ ತುಂಬಿದೆ. ಕೊನೆಗೆ, ಒಲೆ ಏಕೆ ಹೊತ್ತಿಕೊಂಡಿತು ಎಂದು ಚಿಪ್ಪೇ ನೆನಪಿಟ್ಟುಕೊಳ್ಳಲಿ ಎಂದು ಒಂದು ಸಾಲು ಸೇರಿಸಿದೆ. ಮಾರನೆಯ ದಿನ ಹೋಗಿ ಕೇಳಿದರೆ ಅದು ಕೊಟ್ಟ ಉತ್ತರ ಇಷ್ಟೇ: ಗುಂಡಿ ಒತ್ತಿದರು.

ಒಲೆ ಹಚ್ಚುವ ಗುಂಡಿ ಇದ್ದದ್ದು ಬಿಸಿಕೋಣೆಯ ಒಳಗೋಡೆಯಲ್ಲಿ. ಒಳಗೆ ಯಾರೂ ಇರಲಿಲ್ಲ. ಆ ಉತ್ತರವನ್ನು ಓದಿದಾಗ ನಾನು ಕೂತಿದ್ದ ಹಲಗೆ ಸಣ್ಣಗೆ ಕಿರ್ರೆಂದಿತು. ಮರ ಆರುವಾಗ ಹಾಗೆ ಸದ್ದು ಮಾಡುತ್ತದೆ, ನನಗೆ ಗೊತ್ತು. ಆದರೂ ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಹೊರಗೆ ಬಂದೆ.

ಇಷ್ಟರಲ್ಲಿ, ಈಗ ಬೇರೆ ಊರಿನಲ್ಲಿರುವ ಅತ್ತೆ ಹಿಲ್ಯಾ ಬಂದಿಳಿದರು. ಎಂಬತ್ತು ದಾಟಿದ ಹೆಂಗಸು. ಹೋದ ಚಳಿಗಾಲದಲ್ಲಿ ಎದೆಯ ಆಪರೇಷನ್ ಆಗಿತ್ತು. ಆಗಿನ ಕಾಲದಲ್ಲಿ ಹೆರಿಗೆಯಾಗುತ್ತಿದ್ದದ್ದು ಸೌನಾದಲ್ಲೇ, ಹಾಗಾಗಿ ಅತ್ತೆ ಹುಟ್ಟಿದ್ದೂ ಇದೇ ಸೌನಾದಲ್ಲಿ. "ಹುಟ್ಟಿದ ಜಾಗದಲ್ಲಿ ಇನ್ನೊಂದ್ಸಲ ಬೆವರಬೇಕು ನಾನು. ಮುಂದಿನ ಬೇಸಿಗೆ ಯಾರು ಕಂಡಿದ್ದಾರೆ?" ಎಂದರು. ಎಪ್ಪತ್ತು ಡಿಗ್ರಿ ಮೀರದ ಮೆತ್ತಗಿನ ಬಿಸಿಯಾದರೆ ಅಡ್ಡಿಯಿಲ್ಲವೆಂದು ಡಾಕ್ಟರು ಒಪ್ಪಿದ್ದರು. ಜೂನಿನ ನಡುಬೇಸಿಗೆ ಹಬ್ಬದ ಸ್ನಾನ ಎಂದು ನಿಶ್ಚಯವಾಯಿತು.

ಅತ್ತೆ ಬಂದ ದಿನವೇ ಐಲಿ ಅಡುಗೆಮನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. (ಅವಳಿಗೆ ಪ್ರೋಬ್ ಬೇಕಾಗುವುದಿಲ್ಲ.) "ನೋಡ್ರೀ, ನಿಮ್ಮಾಟ ಸಾಕು. ಅಮ್ಮ ಒಳಗಿರುವಾಗ ಆ ಒಲೆ ತನ್ನಿಷ್ಟ ಬಂದಂಗೆ ಕುಣೀತು ಅಂದ್ರೆ, ಒಸ್ಸಿ ಟ್ರೈಲರಲ್ಲಿ ಕಟ್ಟಿಗೆ ಒಲೆ ತಂದು ಇಳಿಸ್ತಾನೆ. ನಿಮ್ಮ ಬೋರ್ಡು ಸರೋವರಕ್ಕೆ."

"ಬೋರ್ಡಿನ ಹಿಂದೆ ನಾನಾ?"

"ಅದು ನಿಮ್ಮಿಷ್ಟ."

ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು, ಅಷ್ಟೂ ಸಂಜೆ ತಂತಿ ಹಿಡಿದು ಅದೇ ಮೂಲೆಯಲ್ಲಿ ಕೂತರೂ ಫಲವಿಲ್ಲ. ಹಬ್ಬದ ದಿನ ನಾನು ಒಂದು ಮಹಾಯೋಜನೆ ಹೂಡಿದೆ. ತಂತಿ ಚುಚ್ಚಿದ್ದರೆ ದೆವ್ವ ಬರುವುದಿಲ್ಲ ತಾನೇ? ಸರಿ, ತಂತಿಯನ್ನು ಕೀಳುವುದೇ ಬೇಡ. ಗೋಡೆಯ ಸಂದಿನಿಂದ ಅದನ್ನು ಬಟ್ಟೆ ಬದಲಿಸುವ ಹೊರಕೋಣೆಗೆ ತಂದು, ಪ್ರೋಬನ್ನು ಕಾಫಿ ಡಬ್ಬಿಯಲ್ಲಿ ಅಡಗಿಸಿಟ್ಟೆ. ಅಕಸ್ಮಾತ್ ಬಂದರೂ ತಪ್ಪಿಸಿಕೊಳ್ಳದಿರಲಿ ಎಂದು ಒಂದು ಬಲೆಯನ್ನೂ ಒಡ್ಡಿದೆ: ಯಾರೇ ಗುಂಡಿ ಒತ್ತಿದರೂ ಆ ಕ್ಷಣಕ್ಕೆ ಚಿಪ್ ಇದ್ದಲ್ಲೇ ಸ್ತಬ್ಧವಾಗಬೇಕು. ಎಪ್ಪತ್ತು ಡಿಗ್ರಿಗೆ ಹೊಂದಿಸಿ ಒಲೆಯನ್ನು ನಾನೇ ಹೊರಗಿನಿಂದ, ಗುಂಡಿ ಮುಟ್ಟದೆ ಲ್ಯಾಪ್‌ಟಾಪಿನಿಂದಲೇ ಹಚ್ಚಿದೆ. ಅಮ್ಮ ಮಗಳು ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದು ಒಳಗೆ ಹೋದರು. ಒಸ್ಸಿ ಅಂಗಳದಲ್ಲಿ ಸಾಸೇಜ್ ಸುಡುತ್ತಿದ್ದ. ನಾನು ಹೊರಕೋಣೆಯಲ್ಲಿ ಲ್ಯಾಪ್‌ಟಾಪ್ ಕಾಯುತ್ತಾ ಕೂತೆ.

ಸ್ವಲ್ಪ ಹೊತ್ತಿಗೆ ಐಲಿ ಟವೆಲ್ ಸುತ್ತಿಕೊಂಡು ನೀರು ಕುಡಿಯಲು ಹೊರಗೆ ಬಂದಳು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಅದೇ ಗಳಿಗೆಗೆ ಪರದೆಯ ಮೇಲೆ ಅಕ್ಷರ ಮೂಡಿತು: ನಿಂತಿದೆ.

"ಸಿಕ್ಕಿಬಿದ್ದ!" ಎಂದು ಕಿರುಚಿದೆ. "ಐಲಿ, ಸಿಕ್ಕಿಬಿದ್ದ ಕಣೆ!"

"ಯಾರ್ರೀ?"

"ತಾಳು, ಚಿಪ್ಪಿನ ತಲೆ ಬಗೆದು ನೋಡ್ತಿದ್ದೀನಿ." ನಾನು ಬೇಟೆಗಾರನ ಗತ್ತಿನಲ್ಲಿ ಒಂದೊಂದೇ ಸಾಲು ಸವಿಯುತ್ತಾ ಓದತೊಡಗಿದೆ.

"ಅದಿರ್ಲಿ, ಈ ಗೋಡೆ ಯಾಕೆ ಇಷ್ಟು ಸುಡ್ತಿದೆ?"

ಒಳಗಿನ ಬಿಸಿ ತೋರಿಸುವ ಗೋಡೆಯ ಉಷ್ಣಮಾಪಕ ನೋಡಿದೆ. ತೊಂಬತ್ತು. ಆಗ ನನ್ನ ಮಂಡೆಗೆ ಹೊಳೆಯಿತು. ಒಲೆಯನ್ನು ಹಚ್ಚುವುದೂ ಆರಿಸುವುದೂ ಆ ಚಿಪ್ಪೇ. ಅದನ್ನು ನಾನು ನಿಲ್ಲಿಸಿದಾಗ ಒಲೆ ಉರಿಯುತ್ತಿತ್ತು. ಇನ್ನು ಅದನ್ನು ಆರಿಸುವವರು ಯಾರೂ ಇಲ್ಲ. ದೆವ್ವ ಹಿಡಿಯಲು ಹೋಗಿ ನಾನು ಕಾವಲುಗಾರನ ಕೈ ಕಟ್ಟಿಹಾಕಿದ್ದೆ. ಒಳಗೆ ಹೊಲಿಗೆ ಹಾಕಿದ ಎದೆಯ ಅತ್ತೆ ಒಬ್ಬರೇ ಇದ್ದರು.

ಬಾಗಿಲು ಎಳೆದೆ. ಬರಲಿಲ್ಲ. ನಮ್ಮ ಸೌನಾದ ಬಾಗಿಲಿಗೆ ಚಿಲಕವೇ ಇಲ್ಲ, ಯಾವ ಸೌನಾಕ್ಕೂ ಇರುವುದಿಲ್ಲ. ಇಬ್ಬರೂ ಸೇರಿ ಎಳೆದೆವು. ಕದಲಲಿಲ್ಲ. ಒಳಗಿನಿಂದ ಸೌಟಿನ ಸದ್ದು, ಕಲ್ಲಿನ ಮೇಲೆ ನೀರು ಬಿದ್ದು ಸುಯ್ಯೆಂದ ಸದ್ದು. ಆಮೇಲೆ ಅತ್ತೆ ಮೆಲ್ಲಗೆ ಏನೋ ಹೇಳಿದರು. ಕೊಂಚ ತಡೆದು, ಎದುರಿನವರ ಮಾತು ಕೇಳಿಸಿಕೊಂಡವರ ಹಾಗೆ, ನಕ್ಕರು.

ಐಲಿ ನನ್ನ ತೋಳು ಹಿಡಿದಳು. "ಅಮ್ಮ ಯಾರ ಜೊತೆ ಮಾತಾಡ್ತಿದ್ದಾಳ್ರೀ?"

ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದೆ. ಲ್ಯಾಪ್‌ಟಾಪ್ ಚಾರ್ಜರಿನ ದೀಪ, ಕೆಂಪು ದೀಪ, ಎಲ್ಲ ಆರಿದವು. ಇದು ನನ್ನ ಕೈಯಿಂದ ಆದದ್ದು, ದೆವ್ವದಿಂದಲ್ಲ, ಅತ್ತೆಗೆ ಏನಾದರೂ ಆದರೆ ನಾನೇ ಹೊಣೆ ಎಂದು ಆಗ ಅಂದುಕೊಂಡದ್ದು ಈಗಲೂ ನೆನಪಿದೆ. ಮರಳಿ ಬರುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಬೀಟ್‌ರೂಟ್ ಬಣ್ಣದ ಅತ್ತೆ ಒಂದೇ ಬೆರಳಿನಿಂದ ಅದನ್ನು ತಳ್ಳಿಕೊಂಡು ಬಂದರು. (ಆವಿಗೆ ಮರ ಉಬ್ಬಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ.)

"ಅಮ್ಮಾ, ಎದೆ ಹೇಗಿದೆ?"

"ಇದ್ದ ಕಡೇನೇ ಇದೆ. ಕಾಫಿ ಇಡು ಹೋಗು. ನಿಮ್ಮಪ್ಪ ಹೋದ್ಮೇಲೆ ಇಂಥ ಆವಿ ನಾನು ಕಂಡಿರ್ಲಿಲ್ಲ."

ಊಟಕ್ಕೆ ಕೂತಾಗ ನಾನು ಕೇಳಿಯೇಬಿಟ್ಟೆ. "ಅತ್ತೆ, ಒಳಗೆ ಗುಂಡಿ ಒತ್ತಿದ್ದು ಯಾರು?"

"ನಾನೇ ಅಳಿಯಂದ್ರೇ. ಎಪ್ಪತ್ತು ಡಿಗ್ರಿ ಅಂದ್ರೆ ಹಿಟ್ಟು ಹುದುಗು ಬರೋಕೆ ಸರಿ. ಮನುಷ್ಯರಿಗಲ್ಲ."

"ಮತ್ತೆ... ಮಾತಾಡ್ತಿದ್ದದ್ದು?"

ಅತ್ತೆ ಹೊಸ ಆಲೂಗಡ್ಡೆಗೆ ಬೆಣ್ಣೆ ಸವರುತ್ತಾ, ಪಕ್ಕದ ಮನೆಯವರ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿದರು: "ಅವನ ಜೊತೆ. ಹುಟ್ಟಿದಾಗಿಂದ ಪರಿಚಯ, ಬಂದವನನ್ನ ಮಾತಾಡಿಸದೆ ಇರೋಕಾಗುತ್ತಾ? ನಿಮ್ಮ ಮೇಲೆ ದೂರು ಹೇಳ್ದ. ದಿನಾ ಸಂಜೆ ಮೂರೆಳೆ ತಂತಿ ಹಿಡ್ಕೊಂಡು ಕೆಳಗಿನ ಹಲಗೆ ಮೂಲೇಲಿ ಕೂತ್ಕೋತೀರಂತೆ. ಅದು ಅವನ ಜಾಗವಂತೆ. ನೀವು ಏಳೋ ತನಕ ಪಾಪ ಹೊರಗೆ ನಿಂತಿರ್ತಾನಂತೆ. ನೀವು ಹೋದ್ಮೇಲೆ ಒಳಗೆ ಬಂದು ಒಲೆ ಹಚ್ಕೋತಾನಂತೆ."

ಒಂದು ತಿಂಗಳು ತಲೆ ಕೆರೆದುಕೊಂಡು ನಾನು ಕಟ್ಟಿದ ಯಾವ ವಿವರಣೆಯೂ ಇಷ್ಟು ಅಚ್ಚುಕಟ್ಟಾಗಿರಲಿಲ್ಲ.

ಮರುದಿನ ಹಗಲಲ್ಲಿ, ಬಾಗಿಲು ತೆರೆದಿಟ್ಟು, ಹಠ ಹಿಡಿದು ಹುಡುಕಿದೆ. ಸಿಕ್ಕಿತು. ಗುಂಡಿಯ ತಂತಿ ಸೇರುವ ಚಿಪ್ಪಿನ ಕಾಲನ್ನು, ಯಾರೂ ಒತ್ತದಿದ್ದಾಗ ಸುಮ್ಮನಿರುವಂತೆ ಬಿಗಿದು ಹಿಡಿಯುವ ಒಂದೇ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಅನಾಥವಾದ ಆ ಕಾಲು ತೇವದ ಗಾಳಿ ಸೋಕಿದರೂ ಗುಂಡಿ ಒತ್ತಿದರೆಂದು ಬೆಚ್ಚುತ್ತಿತ್ತು. ಪ್ರೋಬ್ ಚುಚ್ಚಿದಾಗ ಅದರ ಮೂರನೆಯ ಎಳೆ ಆ ಕಾಲಿಗೆ ನೆಲ ತೋರಿಸಿ, ಅಂದರೆ ಅರ್ಥಿಂಗ್ ಕೊಟ್ಟು, ಸುಮ್ಮನಾಗಿಸುತ್ತಿತ್ತು. ನಾನು ಗೆದ್ದ ಉತ್ಸಾಹದಲ್ಲಿ ಎಲ್ಲರನ್ನೂ ಕೂರಿಸಿ ಇದನ್ನು ವಿವರಿಸಿದೆ.

ಒಸ್ಸಿ ಮೀನಿಟ್ಟು ಸುಟ್ಟ ರೊಟ್ಟಿಯನ್ನು ಅಗಿಯುತ್ತಾ ಪೂರ್ತಿ ಕೇಳಿಸಿಕೊಂಡ. "ಅಂದ್ರೆ ಭಾವ, ದೆವ್ವ ಮಾಡಿದ್ದಲ್ಲ, ನೀನು ಮಾಡಿದ್ದು?"

ತೀರ್ಪು ಅಲ್ಲೇ ಹೊರಬಿತ್ತು. ಬೋರ್ಡ್ ಉಳಿಯಬಹುದು. ಆದರೆ ಎಲ್ಲರೂ ಹೊರಬಂದ ಮೇಲೂ ಕಾಲು ಗಂಟೆ ಒಲೆ ಆರಕೂಡದು, ಫ್ಯಾನ್ ತಿರುಗಕೂಡದು, ಆ ಹೊತ್ತಿನಲ್ಲಿ ನಾನು ಒಳಗೆ ಹೋಗಕೂಡದು. ವಿಧಿಯಿಲ್ಲದೆ 'ಮುದುಕನ ಪಾಲು' ಎಂಬ ಹೆಸರಿಟ್ಟು ಅದನ್ನೂ ಬರೆದು, ಎಂದಿನಂತೆ ಇಂಟರ್ನೆಟ್ಟಿಗೆ ಹಾಕಿದೆ. ನನ್ನ ಕೆಲಸಕ್ಕೆ ಇಷ್ಟು ವರ್ಷಗಳಲ್ಲಿ ಬಂದ ಮೊದಲ ಮೆಚ್ಚುಗೆ ಎಸ್ಟೋನಿಯಾದ ಒಬ್ಬರದು: "ಮುದುಕನ ಭಾಗ ಬಹಳ ಚೆನ್ನಾಗಿದೆ. ಅದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದುಹಾಕಿದೆ."

ಅತ್ತೆ ಊರಿಗೆ ಹೊರಟ ದಿನ, ಬಸ್ಸು ಹತ್ತಿಸಿ ಬಂದ ಐಲಿ ನಗು ತಡೆಯಲಾರದೆ ಹೇಳಿದಳು. "ಅಯ್ಯೋ, ನಿಮ್ಮ ಮುಖ ನೋಡೋಕಾಗ್ದೆ ಹೇಳ್ತಿದ್ದೀನಿ. ಅಮ್ಮ ನಿಮ್ಮನ್ನ ಆಟ ಆಡಿಸಿದ್ದು ಕಣ್ರೀ! ದಿನಾ ಸಂಜೆ ಮಹಡಿ ಕಿಟಕೀಲಿ ಕೂತು ನೋಡ್ತಿದ್ಲಂತೆ, ನೀವು ಎಲ್ಲಿ ಕೂರ್ತೀರಿ, ಏನ್ಮಾಡ್ತೀರಿ ಅಂತ."

ನಾನೂ ನಕ್ಕೆ. ಎದೆಯ ಭಾರ ಇಳಿದು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಮಹಡಿಗೆ ಹೋಗಿ ಆ ಕಿಟಕಿಯಲ್ಲಿ ನಿಂತು ನೋಡಿದೆ. ಸೌನಾದ ಬಾಗಿಲು ಕಂಡಿತು. ಬಾಗಿಲ ಮೇಲಿನ ಕೆಂಪು ದೀಪ ಕಂಡಿತು. ಮಿಕ್ಕಿದ್ದೆಲ್ಲ ದಿಮ್ಮಿಯ ಗೋಡೆ. ಒಳಗಿನ ಹಲಗೆ ಕಾಣುವ ಒಂದೇ ಕಿಟಕಿ ಆಚೆ, ಸರೋವರದ ಕಡೆಗೆ.

ಕೆಳಗೆ ಐಲಿ ಇನ್ನೂ ನಗುತ್ತಿದ್ದಳು. ಅವಳಿಗೆ ಹೇಳಲಿಲ್ಲ.

ಈಗ ಪ್ರೋಬಿನ ತಂತಿಯನ್ನು ಉದ್ದ ಮಾಡಿಕೊಂಡಿದ್ದೇನೆ. ಏನೇ ಕೆಲಸವಿದ್ದರೂ ಹೊರಕೋಣೆಯಲ್ಲೇ ಕೂರುತ್ತೇನೆ. ಒಳಗೆ ಹೋಗಲೇಬೇಕಾದಾಗ ಮೊದಲು ಬಾಗಿಲು ತಟ್ಟುತ್ತೇನೆ. ಮೊನ್ನೆ ತಟ್ಟುವಾಗ ಐಲಿ ಬೆನ್ನ ಹಿಂದೆಯೇ ಬಂದಿದ್ದಳು.

"ಯಾರಿದ್ದಾರ್ರೀ ಒಳಗೆ?"

"ಯಾರೂ ಇಲ್ಲ ಕಣೆ" ಎಂದೆ. ಆದರೂ ಬಾಗಿಲು ತೆರೆಯುವ ಮೊದಲು, ಒಳಗಿನವರು ಎದ್ದು ಹೋಗುವಷ್ಟು ಹೊತ್ತು ಕಾದೆ.