ಶೇಂಗಾ ಮಂಡಿಯ ತೂಕದ ಯಂತ್ರಕ್ಕೆ, ನನ್ನ ಐದು ಕೆಜಿಗಳ ವಿಚಾರವಾಗಿ

ಧರ್ಮಪುರ, ಹಿರಿಯೂರು ತಾಲ್ಲೂಕು
೧೨ ಡಿಸೆಂಬರ್ ೧೯೭೪

ಮುರುಗಪ್ಪನವರ ಶೇಂಗಾ ಮಂಡಿಯ ಬಾಗಿಲಲ್ಲಿ, ಬಲಗಡೆಗೆ, ಗೋಣಿತಾಟು ಹೊದ್ದು ವಿರಾಜಮಾನರಾಗಿರುವ ತೂಕದ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಈ ಹೋಬಳಿಯ ಗ್ರಾಮಸೇವಿಕೆಯಾದ ಏಕನಾಥಮ್ಮ ಎಂಬ ನಾನು ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ನಾಲ್ಕೂ ಗಾಲಿಗಳಿಗೆ ಕಾಲಕಾಲಕ್ಕೆ ಎಣ್ಣೆ ಬೀಳುತ್ತಿದೆಯೆಂದೂ ನಂಬಿದ್ದೇನೆ. ಸುಗ್ಗಿಯ ಈ ಗಲಾಟೆಯಲ್ಲಿ, ನೂರಾರು ಚೀಲಗಳು ತಮ್ಮ ಮೈಮೇಲೆ ಹತ್ತಿ ಇಳಿಯುತ್ತಿರುವ ಹೊತ್ತಿನಲ್ಲಿ, ಒಬ್ಬ ಹೆಂಗಸಿನ ಅಹವಾಲು ಓದಲು ತಮಗೆ ಪುರಸೊತ್ತು ಸಿಗುವುದು ಕಷ್ಟವೆಂದು ಬಲ್ಲೆ. ಆದರೆ ತಾವು ನನ್ನನ್ನೂ ಮೂರು ತಿಂಗಳು ಹೊತ್ತವರಾದ್ದರಿಂದ ಆ ಸಲಿಗೆಯ ಮೇಲೆ ಬರೆಯುತ್ತಿದ್ದೇನೆ.

ತಮಗೆ ತಿಳಿದಿರುವಂತೆ, ಮಹಿಳಾ ಮಂಡಳಿಯ ಕೊಠಡಿಯಲ್ಲಿ ವಾರಕ್ಕೆರಡು ದಿನ ಹದಿನಾಲ್ಕು ಜನ ಹೆಣ್ಣುಮಕ್ಕಳಿಗೆ ಪೌಷ್ಟಿಕ ಅಡುಗೆ ಹೇಳಿಕೊಡುವುದು ನನ್ನ ಉದ್ಯೋಗ. ಇಲಾಖೆಯವರು ಕಳಿಸುವ ಕರಪತ್ರಗಳಲ್ಲಿ ಈ ಸೀಮೆಯವರು ಕಣ್ಣಲ್ಲೂ ಕಾಣದ ತರಕಾರಿಗಳ ಚಿತ್ರಗಳಿರುವುದರಿಂದ ಅವುಗಳನ್ನು ಒಲೆ ಹೊತ್ತಿಸಲು ಬಳಸಿ, ನಾವು ನಮ್ಮ ರಾಗಿ, ನವಣೆ, ಹುರುಳಿ, ನುಗ್ಗೆಸೊಪ್ಪುಗಳಲ್ಲೇ ಬಾಯಿಗೂ ಮೈಗೂ ಹಿತವಾಗುವ ಅಡುಗೆ ಮಾಡುತ್ತೇವೆ. ಇಲ್ಲಿನ ಮನೆಗಳಲ್ಲಿ ಹುರುಳಿ ಬೇಯಿಸಿದರೆ ಬಸಿದ ಕಟ್ಟು ಮನುಷ್ಯರ ಸಾರಿಗೆ, ಬೆಂದ ಕಾಳು ಎತ್ತುಗಳಿಗೆ ಎಂಬುದು ಪದ್ಧತಿ. ಆ ಕಾಳಿನಲ್ಲೇ ಸತ್ವವಿರುವುದು, ಬಸುರಿಯರು ಬಾಣಂತಿಯರು ಅದನ್ನು ತಿನ್ನಬೇಕು ಎಂದು ನಾನು ಮೊದಲ ದಿನ ಹೇಳಿದಾಗ, ಕುರಿ ಕಾಯುವ ಮನೆತನದ ಹಿರಿಯಳಾದ ಉಚ್ಚಂಗಮ್ಮ "ಹಂಗಾರೆ ಎತ್ತು ಏನ್ ತಿನ್ಬೇಕವ್ವ, ನಿನ್ನ ಪುಸ್ತಕಾನ?" ಎಂದು ಕೇಳಿದರು. ಈಗ ಅವರ ಸೊಸೆ ಬೆಂದ ಹುರುಳಿಗೆ ಈರುಳ್ಳಿ, ಕಾಯಿತುರಿ ಹಾಕಿ ದಿನಾ ಒಂದು ಬಟ್ಟಲು ತಿನ್ನುತ್ತಾಳೆ. ಎತ್ತುಗಳಿಂದ ಈವರೆಗೆ ಯಾವ ದೂರೂ ಬಂದಿಲ್ಲ.

ಹೀಗಿರುವಾಗ ತಮ್ಮ ಧಣಿಗಳಾದ ಮುರುಗಪ್ಪನವರಿಗೆ ನಮ್ಮ ಕೊಠಡಿಯ ಮೇಲೆ ಪ್ರೀತಿ ಹುಟ್ಟಿತು. ಮಂಡಿಗೆ ಅಂಟಿಕೊಂಡಿರುವ ಆ ಕೊಠಡಿ ಶೇಂಗಾ ದಾಸ್ತಾನಿಗೆ ಹೇಳಿಮಾಡಿಸಿದಂತಿದೆಯೆಂದು ಅವರು ಅರ್ಜಿ ಹಾಕಿದರು. ಹಿರಿಯೂರಿನಿಂದ ಜೀಪಿನಲ್ಲಿ ಬಂದ ನಮ್ಮ ಮೇಲಧಿಕಾರಿಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ, ತರಗತಿಯಿಂದ ಪ್ರಯೋಜನವಾಗಿದೆಯೆಂಬುದಕ್ಕೆ ಅಂಕಿ ಅಂಶ ಒದಗಿಸಬೇಕು, ಇಲ್ಲವಾದರೆ ಡಿಸೆಂಬರಿನಲ್ಲಿ ಕೊಠಡಿ ತೆರವು ಮಾಡಬೇಕು ಎಂದರು. ಹಾಗೆನ್ನುವಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಹಿಂದೆ ನಿಂತಿದ್ದ ಯಾರೋ "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ" ಎಂದು ಗೊಣಗಿದ್ದೂ ಕೇಳಿಸಿತು. ನನಗೆ ರೇಗಿಹೋಯಿತು. ನಾನೇ ನಿಮ್ಮ ಅಂಕಿ ಅಂಶ, ತರಗತಿಯ ಅಡುಗೆಯನ್ನೇ ಉಂಡು, ವ್ಯಾಯಾಮ ಮಾಡಿ, ಮೂರು ತಿಂಗಳಲ್ಲಿ ನಾಲ್ಕು ಕೆಜಿ ಇಳಿದು ತೋರಿಸುತ್ತೇನೆ ಎಂದುಬಿಟ್ಟೆ. ಹಿರಿಯೂರಿನ ಆಸ್ಪತ್ರೆಯಲ್ಲಿ ತೂಗಿಸಿದರು, ಎಪ್ಪತ್ತೊಂಬತ್ತು ಬಂತು. ಎಪ್ಪತ್ತೈದಾದರೆ ಕೊಠಡಿ ನಮ್ಮದು, ಆಗದಿದ್ದರೆ ಮುರುಗಪ್ಪನವರದು ಎಂದು ಎಲ್ಲರೆದುರಿಗೆ ತೀರ್ಮಾನವಾಯಿತು. ವಾರವಾರವೂ ತೂಗಿಸಿಕೊಳ್ಳಲು ಹಿರಿಯೂರಿಗೆ ಹೋಗುವುದು ಆಗದ ಮಾತು, ಮನುಷ್ಯರ ಭಾರ ತಡೆಯುವ ಯಂತ್ರ ಈ ಊರಿಗೆಲ್ಲ ತಾವೊಬ್ಬರೇ. ಹೀಗೆ ನಮ್ಮಿಬ್ಬರ ಋಣಾನುಬಂಧ ಶುರುವಾಯಿತು.

ನನ್ನ ದಿನಚರಿಯನ್ನು ಇಲ್ಲಿ ನಿವೇದಿಸುತ್ತೇನೆ. ಬೆಳಿಗ್ಗೆ ಹನ್ನೆರಡು ಸೂರ್ಯನಮಸ್ಕಾರ, ಆಮೇಲೆ ಐವತ್ತು ಬಸ್ಕಿ. ತರಗತಿಯ ಹೆಂಗಸರಿಗೂ ಬಸ್ಕಿ ಕಲಿಸಲು ಹೋಗಿದ್ದೆ, "ಕಳೆ ಕೀಳಾಕೆ ಬಾರವ್ವ, ಒಂದೇ ದಿನಕ್ಕೆ ಸಾವ್ರ ಬಸ್ಕಿ ಆಗ್ತಾವೆ" ಎಂದು ಉಚ್ಚಂಗಮ್ಮ ಆ ಪಾಠವನ್ನು ಅಲ್ಲಿಗೇ ಮುಗಿಸಿದರು. ಊಟಕ್ಕೆ ಒಂದೇ ಮುದ್ದೆ, ಅದೂ ನಾನೇ ತೊಳಸಿದ್ದು. ಪಾತ್ರೆಯನ್ನು ಎರಡೂ ಪಾದಗಳಲ್ಲಿ ಒತ್ತಿಹಿಡಿದು ಕೋಲಿನಿಂದ ಹಿಟ್ಟು ತೊಳಸುವುದು ತೋಳಿಗೆ ಎಂಥ ವ್ಯಾಯಾಮವೆಂಬುದನ್ನು ಗರಡಿಮನೆಯ ಪೈಲ್ವಾನರು ಇನ್ನೂ ಕಂಡುಕೊಂಡಿಲ್ಲ. ಜೊತೆಗೆ ಸೊಪ್ಪಿನ ಬಸ್ಸಾರು, ಒಗ್ಗರಣೆಗೆ ಎಣ್ಣೆ ಚಮಚದಲ್ಲಿ ಅಳೆದು ಒಂದೇ ಒಂದು, ಕೊನೆಗೆ ನೀರುಮಜ್ಜಿಗೆ. ತುಪ್ಪದ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ಮೊದಲ ಸೋಮವಾರ ಮಿಂದು ಮಡಿಯುಟ್ಟು ತಮ್ಮನ್ನೇರಿದೆ. ತೂಕ ಓದುವ ದಂಡವು ತೂಗುವವನ ಕಡೆಗಿರುತ್ತದೆ, ಮೇಲೆ ನಿಂತವರಿಗೆ ಅದರ ಬೆನ್ನು ಮಾತ್ರ ಕಾಣುತ್ತದೆ. ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ತೂಕ ಹಾಕುತ್ತಿರುವ ಕಾಟಲಿಂಗಪ್ಪ ಹಿತ್ತಾಳೆಯ ಗುಂಡನ್ನು ಸರಿಸಿ, ಒಂದು ಗಳಿಗೆ ಯೋಚಿಸಿ, "ಎಪ್ಪತ್ತೆಂಟು ಕಣಮ್ಮಾರೆ" ಎಂದ. ಒಂದೇ ವಾರದಲ್ಲಿ ಒಂದು ಕೆಜಿ! ಆ ಉತ್ಸಾಹದಲ್ಲಿ ನಾನು ಹಳ್ಳಿಗಳಿಗೆಲ್ಲ ಬಸ್ಸು ಬಿಟ್ಟು ನಡೆದೇ ಹೋಗತೊಡಗಿದೆ. ಮರು ವಾರ ನಾಲ್ಕು ಮೈಲಿ ನಡೆದು ಬೆವರಿನಲ್ಲಿ ತೊಯ್ದು ಬಂದು ನಿಂತರೆ ಎಪ್ಪತ್ತಾರು. ನಂತರದ ವಾರ ಕಾಲು ಉಳುಕಿ ಬಸ್ಸಿನಲ್ಲಿ ಬಂದೆ, ಮತ್ತೆ ಎಪ್ಪತ್ತೆಂಟು. ನಾನು ಗಾಬರಿಯಾಗಿ, ನಾಲ್ಕು ಮೈಲಿಯ ಬಸ್ ಪ್ರಯಾಣದಿಂದ ದೇಹದ ತೂಕ ಎರಡು ಕೆಜಿ ಹೆಚ್ಚುತ್ತದೆಂದು ವರದಿ ಬರೆದು ಹಿರಿಯೂರಿಗೆ ಕಳಿಸಿದೆ. ಅಲ್ಲಿಂದ ಅದಕ್ಕೆ ಸ್ವೀಕೃತಿಯೂ ಬಂತು.

ಅಂದಿನಿಂದ ಬಸ್ಸಿನ ಕಡೆ ತಲೆಹಾಕಲಿಲ್ಲ. ಮಳೆ ಹಿಡಿದ ಮೇಲೆ ಕೆರೆ ಏರಿಯ ದಾರಿಯಲ್ಲಿ ಮೊಣಕಾಲುದ್ದ ಕೆಸರು ತುಳಿದು ಬಂದೆ. ತಾವು ಎಪ್ಪತ್ತನಾಲ್ಕು ತೋರಿಸಿದಿರಿ. ಗುರಿಗಿಂತ ಒಂದು ಕೆಜಿ ಕೆಳಗೆ! ಇಂಥ ಧಾರಾಳ ಸ್ವಭಾವದ ಯಂತ್ರವನ್ನು ಪಡೆದ ನಾವೇ ಧನ್ಯರೆಂದು ಕುಂಕುಮ ಹಚ್ಚಿ ಕೈಮುಗಿದದ್ದು ತಮಗೆ ನೆನಪಿರಬಹುದು. ಸಂಜೆ ಏಣಿ ಈಸಿಕೊಂಡು ಬಂದು ತುಪ್ಪದ ಡಬ್ಬಿ ಇಳಿಸಿದೆ. ಇಳಿದ ಒಂದೊಂದು ಕೆಜಿಗೂ ಒಂದೊಂದು ಚಮಚ ತುಪ್ಪ, ಆ ತುಪ್ಪಕ್ಕೆ ಒಂಟಿತನವಾಗಬಾರದೆಂದು ಎರಡನೆಯ ಮುದ್ದೆ, ಸಂಜೆಗೆ ಹುರಿದ ಶೇಂಗಾ ಬೆಲ್ಲ. ಕುಪ್ಪಸ ಬಿಗಿಯಾಗುತ್ತಿತ್ತು, ಒಗೆದ ಬಟ್ಟೆ ಕುಗ್ಗಿದೆಯೆಂದುಕೊಂಡೆ.

ಡಿಸೆಂಬರ್ ಎರಡನೆಯ ತಾರೀಖು ಮೇಲಧಿಕಾರಿಗಳು ತನಿಖೆಗೆ ಬಂದರು. ನನ್ನ ಹದಿನಾಲ್ಕು ಜನ, ಮುರುಗಪ್ಪನವರು, ಮಾರಲು ತಂದ ಚೀಲಗಳ ಮೇಲೆ ಕುಳಿತ ಇಪ್ಪತ್ತಕ್ಕೂ ಹೆಚ್ಚು ರೈತರು, ಎಲ್ಲರೂ ಸುತ್ತ ಸೇರಿದರು. ನಾನು ಎಂದಿನಂತೆ ಬೆವರು, ಕೆಸರುಗಳ ಸಮೇತ ತಮ್ಮನ್ನೇರಿದೆ. ಕಾಟಲಿಂಗಪ್ಪ "ಎಪ್ಪತ್ತೈದು" ಎಂದು ಕೂಗಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಆದರೆ ಅಧಿಕಾರಿಗಳು ಅವನ ಪಕ್ಕದಲ್ಲೇ ನಿಂತಿದ್ದರು. ಗುಂಡು ಎಂಬತ್ತರಲ್ಲಿ ನಿಂತಿರುವಾಗ ಎಪ್ಪತ್ತೈದು ಎಲ್ಲಿಂದ ಬಂತು ಎಂದು ಕೇಳಿದರು.

ಕಾಟಲಿಂಗಪ್ಪ ಸುಳ್ಳು ಹೇಳುವವನಲ್ಲ. "ಸೂಟು ಕಳೀಬೇಕಲ್ಲ ಸ್ವಾಮಿ, ಮಂಡಿ ಪದ್ಧತಿ. ಚೀಲಕ್ಕೆ ಒಂದು, ಅಮ್ಮಾರ್ದು ಸೀರೆ ಅದೆ. ತೇವಕ್ಕೆ ಎರಡು, ಬೆವ್ರು ನೋಡ್ರಿ ಹೆಂಗೆ ಸುರೀತೈತೆ. ಮಣ್ಣಿಗೆ ಎರಡು. ಒಟ್ಟು ಐದು" ಎಂದ. ಶೇಂಗಾ ಚೀಲದ ತೂಕದಲ್ಲಿ ಸೂಟೆಂದು ಒಂದಿಷ್ಟು ಕಳೆಯುವಂತೆ ವಾರವಾರವೂ ನನಗೂ ಕಳೆಯುತ್ತಿದ್ದ, ಮನುಷ್ಯರಿಗೆ ಬೇರೆ ಲೆಕ್ಕವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೆಚ್ಚು ನಡೆದಷ್ಟೂ ಹೆಚ್ಚು ಒದ್ದೆಯಾಗುತ್ತಿದ್ದೆ, ಅದರಿಂದಲೇ ಇಳಿಯುತ್ತಿದ್ದೆ. ಮೂರು ತಿಂಗಳ ತಪಸ್ಸಿನ ಫಲವಾಗಿ ನಾನು ವಾಸ್ತವವಾಗಿ ಒಂದು ಕೆಜಿ ಏರಿದ್ದೆ. ಆ ಕ್ಷಣದಲ್ಲಿ ತಮ್ಮ ಮೇಲೆ ನಿಂತಿದ್ದ ನನಗೆ ಇಳಿಯಲೂ ನಾಚಿಕೆಯಾಗಿ ಅಲ್ಲೇ ಉಳಿದೆ.

ಮುರುಗಪ್ಪನವರು ನಗುತ್ತಾ, ಹಾಗಾದರೆ ಎಂಬತ್ತು ಎಂದು ಬರೆದುಕೊಳ್ಳಿ ಎಂದರು. ಆಗ ಉಚ್ಚಂಗಮ್ಮ ಎದ್ದು ನಿಂತರು. "ಅದೆಂಗೆ ಧಣೇರೇ? ನಮ್ ಮಾಲಿಗೆ ಕಳೆಯೋ ಸೂಟು ನ್ಯಾಯವಾಗಿದ್ರೆ ನಮ್ ಮೇಡಮ್ಮಂಗೂ ಕಳೀರಿ. ಆಯಮ್ಮಂಗೆ ಅನ್ಯಾಯ ಅಂದ್ರೆ ನಮಗೂ ಅನ್ಯಾಯವೇ, ಇಲ್ಲೀಗಂಟ ಕಳ್ದಿದ್ದೆಲ್ಲಾ ವಾಪಸ್ ಅಳ್ದು ಕೊಡ್ರಿ ಮತ್ತೆ" ಎಂದರು. ಚೀಲಗಳ ಮೇಲೆ ಕುಳಿತಿದ್ದ ರೈತರು ಒಬ್ಬೊಬ್ಬರಾಗಿ ಎದ್ದರು. ಮುರುಗಪ್ಪನವರಿಗೆ ಅತ್ತ ದರಿ, ಇತ್ತ ಪುಲಿ. ಅವರು ಚೀಲಗಳನ್ನು ನೋಡಿದರು, ನಮ್ಮ ಕೊಠಡಿಯನ್ನು ನೋಡಿದರು, ಕೊನೆಗೆ "ಮಂಡಿ ಪದ್ಧತಿ ಸರಿಯಾಗೇ ಐತೆ. ಎಪ್ಪತ್ತೈದೇ ಬರ್ಕಳ್ರಿ" ಎಂದರು. ಅಧಿಕಾರಿಗಳು ಸೂಟಿನ ವಿವರವನ್ನೂ ಸೇರಿಸಿ ಎಪ್ಪತ್ತೈದು ಎಂದು ಬರೆದರು. ಅದರ ಕೆಳಗೆ ನಾನು ಸಹಿ ಹಾಕಿದೆ. ಕೊಠಡಿ ಉಳಿಯಿತು, ಅಂದು ಎಲ್ಲರಿಗೂ ನವಣೆ ಪಾಯಸ ಮಾಡಿ ಬಡಿಸಿದೆವು.

ಮಾನ್ಯರೇ, ಇಲ್ಲಿಗೆ ಮುಗಿದಿದ್ದರೆ ಇದು ಬರಿಯ ಕೃತಜ್ಞತಾಪತ್ರವಾಗುತ್ತಿತ್ತು. ಕಳೆದ ಸೋಮವಾರ ಉಚ್ಚಂಗಮ್ಮ ತಮ್ಮ ಹನ್ನೊಂದು ಚೀಲ ಶೇಂಗಾ ತಂದರು. ಹತ್ತು ದಿನ ಬಿಸಿಲಲ್ಲಿ ಒಣಗಿಸಿ, ಜರಡಿ ಹಿಡಿದು, ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಎನ್ನುವ ಕಾಯಿ. ಹಾಗೆ ಒಣಗಿದ ಮಾಲಿಗೆ ಹಿಂದೆಲ್ಲ ಚೀಲಕ್ಕೆಂದು ಒಂದೇ ಕೆಜಿ ಕಳೆಯುತ್ತಿದ್ದರು. ಈ ಸಲ ಚೀಲವೊಂದಕ್ಕೆ ಐದು. ತೇವ ಎಲ್ಲೈತೆ, ಮಣ್ಣು ಎಲ್ಲೈತೆ ಎಂದು ಅವರು ಕೇಳಿದರೆ, ಮುರುಗಪ್ಪನವರು ನಾನು ಸಹಿ ಹಾಕಿದ ಆ ಸೂಟಿನ ಲೆಕ್ಕದ ನಕಲನ್ನು ಮುಂದೆ ಹಿಡಿದು, "ನಿಮ್ ಮೇಡಮ್ಮನೇ ಸೈ ಹಾಕೈತೆ, ಸರ್ಕಾರ ಒಪ್ಪಿದ ಲೆಕ್ಕ" ಎಂದರಂತೆ. ಐವತ್ತೈದು ಕೆಜಿ, ಒಂದೂವರೆ ಚೀಲ.

ಉಚ್ಚಂಗಮ್ಮ ಇದನ್ನು ನನಗೆ ಹೇಳಲೇ ಇಲ್ಲ. ತರಗತಿಗೆ ಬಂದರು, ಚಟ್ನಿಪುಡಿಗೆ ಶೇಂಗಾ ಹುರಿದರು, ಸಿಪ್ಪೆ ಕೇರಿದರು. ಸೊಸೆಯ ಬಾಯಿಂದ ವಿಷಯ ಹೊರಬಿದ್ದಾಗ ನಾನು ಒಲೆಯ ಮುಂದಿನಿಂದ ಎದ್ದು ಬಂದು ತಪ್ಪೆಲ್ಲ ನನ್ನ ಸಹಿಯದೆಂದೆ. ಅವರು ನನ್ನನ್ನೇ ಸಮಾಧಾನ ಮಾಡಿದರು. "ನೀನೇನ್ ಮಾಡ್ತೀಯ ಬಿಡವ್ವ, ರೂಮು ಉಳೀತಲ್ಲ" ಎಂದರು. ಒಂದು ಬೈಗುಳ ಬೈದಿದ್ದರೆ ಅದನ್ನು ಉಂಡು ಜೀರ್ಣಿಸಿಕೊಳ್ಳುತ್ತಿದ್ದೆ. ಈ ಮಾತು ಮೂರು ದಿನದಿಂದ ಗಂಟಲಲ್ಲೇ ನಿಂತಿದೆ.

ಆದಕಾರಣ ಸರ್ವರಿಗೂ ತಿಳಿಯುವಂತೆ ಬರೆದು ಒಪ್ಪಿಸುವುದೇನೆಂದರೆ, ಏಕನಾಥಮ್ಮಳಾದ ನನ್ನ ತೂಕ ಎಂಬತ್ತು ಕೆಜಿ. ಎಪ್ಪತ್ತೈದೆಂದು ಸಹಿ ಹಾಕಿದ್ದು ಕೊಠಡಿಯ ಆಸೆಗೆ, ಆ ಸಹಿಯನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಎರಡನೆಯ ಮುದ್ದೆ ಉಂಡವಳು ನಾನು, ಅದು ಹುರುಳಿಯ ತಪ್ಪಲ್ಲ, ನುಗ್ಗೆಸೊಪ್ಪಿನ ತಪ್ಪಲ್ಲ, ನನ್ನ ಹೆಣ್ಣುಮಕ್ಕಳು ಕಲಿತ ಅಡುಗೆಯ ತಪ್ಪಂತೂ ಅಲ್ಲವೇ ಅಲ್ಲ. ಈ ಪತ್ರದ ಒಂದು ಪ್ರತಿ ಮೇಲಧಿಕಾರಿಗಳಿಗೆ, ಇನ್ನೊಂದು ಮಂಡಿಯ ಗೋಡೆಗೆ. ಇದರಿಂದ ಕೊಠಡಿ ಹೋಗಬಹುದು, ನನ್ನ ಕೆಲಸವೂ ಹೋಗಬಹುದು ಎಂದು ಹದಿನಾಲ್ಕು ಜನರಿಗೂ ಮೊದಲೇ ಓದಿ ಹೇಳಿದೆ. ಒಲೆಗೆ ಮೂರು ಕಲ್ಲು ಎಲ್ಲಿಟ್ಟರೂ ಆಗುತ್ತದೆಂದು ಅವರೆಲ್ಲ ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರೆ. ಇಬ್ಬರು ಸಹಿಯನ್ನೇ ಹಾಕಿದ್ದಾರೆ.

ಕೊನೆಯದಾಗಿ ತಮ್ಮಲ್ಲಿ ಒಂದು ಬಿನ್ನಹ. ಯಾರ ಕೈಗೂ ಕಾಯದೆ, ತಮ್ಮ ಗುಂಡನ್ನು ತಾವೇ ಸರಿಸಿಕೊಂಡು, ತಾವು ಈವರೆಗೆ ಕಳೆದದ್ದನ್ನೆಲ್ಲ ಕೂಡಿಸುವ ಕೃಪೆ ಮಾಡಬೇಕು. ನನ್ನ ಐದು ಕೆಜಿಗಳನ್ನು ತಾವೇ ಇಟ್ಟುಕೊಳ್ಳಿ, ಮೂರು ತಿಂಗಳಿಂದ ಅವುಗಳನ್ನು ಯಾರಿಗಾದರೂ ದಾಟಿಸಬೇಕೆಂದು ನಾನೇ ಒದ್ದಾಡುತ್ತಿದ್ದೇನೆ. ಉಚ್ಚಂಗಮ್ಮನ ಐವತ್ತೈದು ಕೆಜಿ ಶೇಂಗಾವನ್ನು ಮಾತ್ರ ಹಿಂದಕ್ಕೆ ಕೊಟ್ಟುಬಿಡಿ.

ತಮ್ಮ ಮೇಲೆ ಭಾರ ಹೊರಿಸಿದ, ಈಗ ತುಸು ಹಗುರಾದ,
ತಮ್ಮ ವಿಶ್ವಾಸಿ,
ಏಕನಾಥಮ್ಮ
ಗ್ರಾಮಸೇವಿಕೆ (ಸದ್ಯಕ್ಕೆ)

ವಿ. ಸೂ.: ಮೇಲಧಿಕಾರಿಗಳ ಪ್ರತಿಯನ್ನು ಕಳಿಸಲು ಅಂಚೆ ಕಚೇರಿಗೆ ಹೋಗಿದ್ದೆ. ಅಲ್ಲಿ ಮೇಜಿನ ಮೇಲೆ ತಮ್ಮದೇ ಕುಲದ, ಅಂಗೈಯಗಲದ ಒಂದು ಪುಟ್ಟ ತಕ್ಕಡಿ ಇದೆ. ಲಕೋಟೆಯನ್ನು ಇಟ್ಟರು, ಎಷ್ಟಿತ್ತೋ ಅಷ್ಟೇ ತೋರಿಸಿತು. ಲಕೋಟೆಯ ಮೇಲೆ ನನ್ನ ಬೆವರು ಧಾರಾಳವಾಗಿ ಬಿದ್ದಿದ್ದರೂ ತೇವಕ್ಕೆಂದು ಏನನ್ನೂ ಕಳೆಯಲಿಲ್ಲ. ತಾವು ಬಿಡುವಾದಾಗ ಒಮ್ಮೆ ಅದರ ಬಳಿ ಹೋಗಿ ಪಾಠ ಹೇಳಿಸಿಕೊಂಡು ಬರಬೇಕಾಗಿ ಕೋರಿಕೆ. ಹೋಗುವಾಗ ದಯಮಾಡಿ ನಡೆದೇ ಹೋಗಿ, ಆರೋಗ್ಯಕ್ಕೆ ಒಳ್ಳೆಯದು.